ಒಂಬತ್ತನೇ ದಿನ, ಸೊಟ್ಟಾದ ಡಬ್ಬಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಆಳಂದ ರಸ್ತಿ ಮನಿ’. ಕಲಬುರಗಿಯ ಆ ಮನೆ ಮೂರು ಪಾಲಾಗಿ ವರ್ಷಗಳಾದವು, ಗುಂಪು ಮಾತ್ರ ಇನ್ನೂ ಒಂದೇ ಇದೆ. ಇಪ್ಪತ್ತಮೂರು ಜನ. ಶುಭೋದಯ, ಹುಟ್ಟುಹಬ್ಬ, ಯಾರದೋ ಹೊಲದ ತೊಗರಿ ಫೋಟೊ, ಇಷ್ಟು ಬಿಟ್ಟರೆ ಅಲ್ಲಿ ಏನೂ ನಡೆಯುವುದಿಲ್ಲ. ಕಳೆದ ಭಾನುವಾರ ನಡೆಯಿತು. ಅಡ್ಮಿನ್ ಆಗಿ ನಾನು ಸುಮ್ಮನೆ ಓದುತ್ತಾ ಕೂತಿದ್ದೆ.

ಹೆಸರು ಬದಲಿಸಿ ಇಲ್ಲಿ ಹಾಕುತ್ತೇನೆ ಅಂತ ಕೇಳಿದಾಗ ಬಸು ಅಣ್ಣನ ಷರತ್ತು: ಡಬ್ಬಿ ವಿಷಯ ಬೇಡ. ಅವನ ಹೆಂಡತಿ ಸವಿತಾ ವೈನಿಯ ಷರತ್ತು: ಡಬ್ಬಿ ವಿಷಯ ಬೇಕೇ ಬೇಕು. ವೈನಿ ಗೆದ್ದರು.

ಮುಂಜಾನೆ 7:12ಕ್ಕೆ ಶಿವಪ್ಪ ಕಾಕಾ ಒಂದು ಪೋಸ್ಟರ್ ಹಾಕಿದರು. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅಂತ ಗುರುತು. ಉದಯಿಸುವ ಸೂರ್ಯ, ಎರಡು ತುಂಡಾದ ಸಿಗರೇಟು, ಕೆಳಗೆ ದಪ್ಪಕ್ಷರದಲ್ಲಿ: ‘ಧೂಮಪಾನ ಬಿಡಲು ಔಷಧಿ ಬೇಡ, ಡಾಕ್ಟರ್ ಬೇಡ. ಮನಸ್ಸು ಗಟ್ಟಿ ಇದ್ದರೆ ಸಾಕು. ಬಿಟ್ಟ ಮೇಲೆ ಸಿಟ್ಟು, ಅಳು, ಬೇಸರ ಬರುವುದು ದುರ್ಬಲರಿಗೆ ಮಾತ್ರ. ಹತ್ತು ಜನರಿಗೆ ಕಳಿಸಿ.’

ಕಾಕಾ: ಬಸೂ, ನಿನ್ನ ಸಲುವಾಗೇ ಹಾಕೀನಿ. ಓದು.

ಮಂಜು: ಅಣ್ಣ ಬಿಟ್ಟಾನೇನು? ಯಾವಾಗ?

ಸುಮಂಗಲಾ ಅಕ್ಕ: ಇವತ್ತ ಒಂಬತ್ತನೇ ದಿನ.

ಬಸು: ಓದಿದೆ ಕಾಕಾ. ದುರ್ಬಲ ಅಂತ ಬರದದ. ಸರಿ.

ಕಾಕಾ: ಸಿಟ್ಟಾಗಬ್ಯಾಡ. ಹಿರೇರು ಅಂದ ಮ್ಯಾಲ ಹೇಳಬೇಕಾಗ್ತದ.

ಬಸು: ನಾ ಎಲ್ಲಿ ಸಿಟ್ಟಾಗೀನಿ

ಬಸು: ಎಲ್ಲಿ ಸಿಟ್ಟಾಗೀನಿ ಹೇಳ್ರಿ

ಬಸು: ಮುಂಜಾನಿ ಏಳಕ್ಕೇ ಇದೇ ಬೇಕಾಗಿತ್ತೇನು ನನಗ

(ಒಂದೇ ನಿಮಿಷದಲ್ಲಿ ಮೂರು ಸಂದೇಶ. ಸಿಟ್ಟು ಬಂದಿಲ್ಲ ಅನ್ನುವವರು ಬರೆಯುವುದೇ ಹೀಗೆ.)

ಸವಿತಾ ವೈನಿ: ಕಾಕಾ, ನೀವು ಹಾಕಿದ್ದೇ ಛೊಲೊ ಆಯ್ತು. ಮನಿಯಾಗ ಬಾಯಿ ಬಿಡೋ ಹಂಗಿಲ್ಲ, ಇಲ್ಲೇ ಹೇಳ್ತೀನಿ. ಶುಕ್ರವಾರ ಮುಂಜಾನಿ ಮಗಳ ಟಿಫನ್ ಡಬ್ಬಿ ಮುಚ್ಚಳ ಹತ್ತಲಿಲ್ಲಂತ ಇವರು ಡಬ್ಬಿನೇ ಗ್ವಾಡಿಗಿ ಒಗದ್ರು. ಸುಸಲಾ ಎಲ್ಲಾ ನೆಲದ ಮ್ಯಾಲ. ಕೂಸು ಅಳಲಿಲ್ಲ. ಕುಕ್ಕರಗಾಲಿಲೆ ಕೂತು ಸುಸಲಾದಾಗಿನ ಶೇಂಗಾ ಒಂದೊಂದೇ ಆರಿಸ್ಲತ್ತಿತ್ತು. ಅತ್ತಿದ್ರ ನನಗ ಇಷ್ಟು ತ್ರಾಸ ಆಗ್ತಿರ್ಲಿಲ್ಲ.

ಹನ್ನೊಂದು ನಿಮಿಷ ಯಾರೂ ಬರೆಯಲಿಲ್ಲ. ನಡುವೆ ಸೇಡಂನ ಅತ್ತಿಯಿಂದ ಒಂದು ಗುಲಾಬಿ ಹೂವಿನ ಶುಭೋದಯ ಬಂತು, ಮೇಲಿನದನ್ನು ಓದದೆ ಕಳಿಸಿದ್ದು.

ಮಂಜು: ವೈನಿ, ಅದು ನಿಕೋಟಿನ್ ವಿತ್‌ಡ್ರಾವಲ್, ಅಂದ್ರ ಸಿಗರೇಟು ಬಿಟ್ಟಾಗ ನಿಕೋಟಿನ್ ಸಿಗದೆ ಮೈ ಮನಸ್ಸು ಚಡಪಡಿಸೋದು. ಅಣ್ಣನ ತಪ್ಪಲ್ಲ. ಮೆದುಳಿನ ಕೆಮಿಸ್ಟ್ರಿ.

ವೈನಿ: ಕೆಮಿಸ್ಟ್ರಿ ಬಂದು ಗ್ವಾಡಿ ಒರಸಲಿಲ್ಲ ಮಂಜು. ನಾ ಒರಸೀನಿ.

ಕಾಕಾ: ನೋಡ್ರಿ, ನಾ 1994ರಾಗ ಬಿಟ್ಟೆ. ದಿನಕ್ಕ ಎರಡು ಕಟ್ಟು ಬೀಡಿ ಸೇದವ. ಶರಣಬಸಪ್ಪನ ಗುಡಿ ಮುಂದ ನಿಂತು ಒಂದೇ ಮಾತು, ಒಂದೇ ದಿನ, ಮುಗೀತು. ನಿಕೋಟಿನ್ ಗಮ್ ಇಲ್ಲ ಗಿಮ್ ಇಲ್ಲ. ನಿಮ್ಮ ಕಾಲದವರಿಗಿ ಎಲ್ಲದಕ್ಕೂ ಒಂದು ಇಂಗ್ಲಿಷ್ ಹೆಸರು ಬೇಕು.

ಇಲ್ಲಿ ಕಾಕಿ ಬಂದರು. ಕಾಕಿ ಈ ಗುಂಪಿನಲ್ಲಿ ಕೈಮುಗಿದ ಚಿತ್ರ ಬಿಟ್ಟು ಬೇರೇನೂ ಹಾಕಿದ್ದನ್ನು ನಾನು ನೋಡಿರಲಿಲ್ಲ.

ಕಾಕಿ: ಒಂದೇ ದಿನಕ್ಕ ಬಿಟ್ಟದ್ದು ಖರೇ. ಆ ಒಂದು ದಿನ ಒಂದೂವರಿ ತಿಂಗಳು ನಡೀತು. ರೊಟ್ಟಿ ತಣ್ಣಗಾಗ್ಯಾವಂತ ಗಂಗಾಳ ಅಂಗಳಕ್ಕ ಹಾರಿತ್ತು. ನಾ ಚಿತ್ತಾಪುರಕ್ಕ ತವರಮನಿಗಿ ಹೋಗಿ ಎಂಟು ದಿನ ಕೂತಿದ್ದೆ. ಕರೀಲಿಕ್ಕ ಬಂದವ್ರು ಯಾರು ಕೇಳ್ರಿ. ಇವರಲ್ಲ. ಬಸೂನ ಅಪ್ಪ.

ಮಂಜು: ಅವ್ವಾ, ಇದು ನನಗ ಗೊತ್ತೇ ಇಲ್ಲಲ್ಲ!

ಕಾಕಿ: ನೀ ಆಗ ಹೊಟ್ಟ್ಯಾಗಿದ್ದಿ.

ಕಾಕಾ ಟೈಪ್ ಮಾಡುತ್ತಿರುವುದು ನಾಲ್ಕು ನಿಮಿಷ ಕಾಣಿಸಿತು. ಕೊನೆಗೆ ಬಂದದ್ದು ಮೂರು ಪದ.

ಕಾಕಾ: ಅದು ಬ್ಯಾರೆ ವಿಷಯ.

ಸುಮಂಗಲಾ ಅಕ್ಕ: ನೈಟ್ ಡ್ಯೂಟಿ ಮುಗಿಸಿ ಈಗ ಬಂದೀನಿ, ಮಲಗೋ ಮೊದಲು ಹೇಳ್ತೀನಿ. (ಅಕ್ಕ ಬೀದರ್‌ನಲ್ಲಿ ನರ್ಸ್, ಬಸು ಅಣ್ಣನ ಒಡಹುಟ್ಟಿದವಳು.) ಕಾಕಾ, ಪೋಸ್ಟರ್ ತಪ್ಪದ. ಸಿಟ್ಟು, ಕಿರಿಕಿರಿ, ನಿದ್ದಿ ಬರದ್ದು, ಹೆದರಿಕಿ, ಮನಸ್ಸು ಒಂದು ಕಡಿ ನಿಲ್ಲದ್ದು, ಎಲ್ಲಾ ಬಿಟ್ಟವರಿಗಿ ಬರೋವೇ. ಮೊದಲ ಎರಡು ಮೂರು ದಿನ ಭಾಳ ಜೋರು, ಆಮ್ಯಾಲ ಎರಡರಿಂದ ನಾಕು ವಾರದಾಗ ಸಾವಕಾಶ ಇಳೀತಾವ. ಮನಸ್ಸು ಗಟ್ಟಿ ಇದ್ದವರಿಗೂ ಬರ್ತಾವ. ಗಂಗಾಳ ಸಾಕ್ಷಿ.

ಕಾಕಾ: ಹಂಗಾದ್ರ ಸೇದಿದ್ರ ಶಾಂತಿ ಸಿಗ್ತದ ಅಂತ ಆಯ್ತಲ್ಲವಾ?

ಸುಮಂಗಲಾ ಅಕ್ಕ: ಬಸೂನೇ ದಿನಾ ಗಂಜ್‌ನಾಗ (ದವಸದ ಮಾರುಕಟ್ಟೆ) ನೋಡ್ತಾನ. ರೈತ ಅಡತಿ ಅಂಗಡ್ಯಾಗ ಸಾಲ ತಗೋತಾನ. ಅದರ ಬಡ್ಡಿ ಕಟ್ಟಲಿಕ್ಕ ಮತ್ತ ಅಲ್ಲೇ ತಗೋತಾನ. ರೊಕ್ಕ ಕೈಗಿ ಬಂದ ಹೊತ್ತಿನಾಗ ಹಗುರ ಅನಸ್ತದ, ಹೌದಿಲ್ಲೊ? ಇದೂ ಹಂಗೇ. ಸೇದಿದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಾಗ ತಲಿ ಮುಟ್ಟತದ. ಸುಮಾರು ಎರಡು ತಾಸಿನಾಗ ರಕ್ತದಾಗ ಅರ್ಧಕ್ಕ ಇಳೀತದ. ಇಳೀಲತ್ತಂಗ ಚಡಪಡಿಕಿ ಚಾಲೂ. ಇನ್ನೊಂದು ಹಚ್ಚಿದ್ರ ಚಡಪಡಿಕಿ ಹೋಗ್ತದ, ಅದಕ್ಕ ನಾವು ಶಾಂತಿ ಅಂತೀವಿ. ಚಡಪಡಿಕಿ ಹುಟ್ಟಿಸಿದ್ದೂ ಅದೇ ಅಂಗಡಿ.

ಮಂಜು: 2014ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಾಗ 26 ಅಧ್ಯಯನ ಕೂಡಿಸಿ ನೋಡ್ಯಾರ. ಬಿಟ್ಟವರಿಗಿ ಆತಂಕ, ಖಿನ್ನತೆ ಕಮ್ಮಿ ಆಗ್ಯಾವ, ಸೇದೋದು ಮುಂದುವರಿಸಿದವರಿಗಿಂತ.

ಬಸು: ಯಾವಾಗ ಕಮ್ಮಿ ಆಗ್ಯಾವ?

ಮಂಜು: ಬಿಟ್ಟು ಕನಿಷ್ಠ ಆರು ವಾರ ಆದ ಮ್ಯಾಲ ನೋಡಿದ್ದು.

ಬಸು: ನಾ ಒಂಬತ್ತನೇ ದಿನದಾಗಿದ್ದೀನಿ. ಆರು ವಾರದ್ದು ಆರು ವಾರಕ್ಕ ಹೇಳು.

ಸುಮಂಗಲಾ ಅಕ್ಕ: ಬಸು, ದಿನಕ್ಕ ಚಾ ಎಷ್ಟು?

ಬಸು: ಹತ್ತು. ಮೊದಲು ಆರಿತ್ತು. ಸಿಗರೇಟಿನ ಜಾಗಾಕ್ಕ ಚಾ.

ಸುಮಂಗಲಾ ಅಕ್ಕ: ಅಲ್ಲೇ ಅದ ನೋಡು. ಸೇದವರ ಮೈಯಾಗ ಚಾದಾಗಿನ ಕೆಫೀನ್ ಲಗೂನ ಕರಗ್ತದ, ಹೊಗಿ ಅದನ್ನ ಓಡಸ್ತದ. ಸೇದೋದು ನಿಂತ್ರ ಅಷ್ಟೇ ಚಾ ಮೈಯಾಗ ಭಾಳ ಹೊತ್ತು ಉಳೀತದ. ಕೈ ನಡುಗೋದು, ಎದಿ ಡವಡವ, ರಾತ್ರಿ ನಿದ್ದಿ ಇಲ್ಲ. ಅದನ್ನ ನೀ ಸಿಗರೇಟಿನ ತಲಬ್ ಅಂದ್ಕೋತಿ. ಮೊದಲಿನ ಅರ್ಧಕ್ಕ ಇಳಸು, ಮೂರು ಸಾಕು. ಗಮ್ ಏನಾಯ್ತು?

ಬಸು: ಬಿಕ್ಕಳಿಕಿ ಬಂತು, ಒಗದೆ.

ಸುಮಂಗಲಾ ಅಕ್ಕ: ಬಬಲ್ ಗಮ್ ಅಗದಂಗ ಅಗದಿರ್ತಿ. ನಾಕು ಸಲ ಅಗಿ, ಖಾರ ಹತ್ತಿದ ಕೂಡ್ಲೇ ಗಲ್ಲಕ್ಕ ಒತ್ತಿ ಇಡು. ಖಾರ ಹೋಯ್ತಂದ್ರ ಮತ್ತ ಅಗಿ. ಅದರ ಹಿಂದು ಮುಂದು ಕಾಲು ತಾಸು ಚಾ ಬ್ಯಾಡ. ಬಿಪಿ ಅದಲ್ಲ ನಿನಗ, ಡಾಕ್ಟರಿಗಿ ಒಂದು ಮಾತು ಕೇಳೇ ತಗೋ.

ಮಂಜು: ವೇಪ್, ಅಂದ್ರ ಇ-ಸಿಗರೇಟ್, ಟ್ರೈ ಮಾಡು ಅಣ್ಣ, ಇಲ್ಲಿ ನನ್ನ ಆಫೀಸಿನಾಗ

ಸುಮಂಗಲಾ ಅಕ್ಕ: 2019ರಾಗೇ ಬಂದ್ ಆಗ್ಯದ ಅದು, ದೇಶದಾಗೇ. ಸುಮ್ಮ ಕೂಡು.

ನನಗನ್ನಿಸಿದ್ದು: ಇಷ್ಟರಲ್ಲಿ ವಾದ ಮುಗಿಯಿತು, ಕಾಕಾ ಸೋತರು, ಅಕ್ಕ ಗೆದ್ದಳು, ಇನ್ನು ಯಾರಾದರೂ ಉಪ್ಪಿಟ್ಟಿನ ಫೋಟೊ ಹಾಕುತ್ತಾರೆ. ಹಾಗಾಗಲಿಲ್ಲ. 8:40ಕ್ಕೆ ಅಣ್ಣ ಬರೆದ.

ಬಸು: ತಲಬ್‌ದ್ದು ನನಗ ತ್ರಾಸಿಲ್ಲ ಅಕ್ಕ. ಅದು ಬರ್ತದ, ಐದು ನಿಮಿಷ ಕುಣೀತದ, ಹೋಗ್ತದ. ಅಂಗಡಿಯಿಂದ ಲಾರಿ ಕಾಟಾ ತನಕ ನಡದು ಬರ್ತೀನಿ, ಅಷ್ಟರಾಗ ಹೋಗಿರ್ತದ. ಇನ್ನೊಂದದ. ಅದು ಸಂಜಿಗಿ ಮನಿಗಿ ಬಂದು ಕಟ್ಟಿ ಮ್ಯಾಲ ಕೂತಾಗ ಬರ್ತದ, ಹೋಗಲ್ಲ. ಅಪ್ಪ ಹೋಗಿ ಏಳು ತಿಂಗಳಾಯ್ತು. ಆಗ ನಾ ಅಳಲಿಲ್ಲ. ಮಣ್ಣು ಮಾಡಿ ಬಂದು ಹಿತ್ತಲದಾಗ ನಿಂತು ಎರಡು ಸೇದಿದೆ. ಆಮ್ಯಾಲನೂ ನೆನಪಾದಾಗೆಲ್ಲಾ ಹೊರಗ ಹೋಗಿ ಒಂದು ಹಚ್ಚತಿದ್ದೆ. ಈಗ ಹಚ್ಚಲಿಕ್ಕ ಏನೂ ಇಲ್ಲ, ಎದ್ದು ಎಲ್ಲಿ ಹೋಗ್ಲಿ? ಶುಕ್ರವಾರದ್ದೂ ಅದೇ. ಆ ಡಬ್ಬಿ ಅಪ್ಪ ತಂದದ್ದು. ದಿನಾ ಮುಂಜಾನಿ ಅವನೇ ಮುಚ್ಚಳ ಹಾಕಿ ಕೊಡ್ತಿದ್ದ. ಅವನ ಕೈಗೇ ಅದು ಸರಿ ಹತ್ತತಿತ್ತು.

ಈ ಸಲ ಗುಲಾಬಿ ಹೂವೂ ಬರಲಿಲ್ಲ.

ಸುಮಂಗಲಾ ಅಕ್ಕ: ನೀ ಅಳಲಿಲ್ಲಂತ ನನಗ ಅವತ್ತೇ ಹೆದರಿಕಿ ಆಗಿತ್ತು.

ಆಮೇಲೆ ದೊಡ್ಡವ್ವನ ಧ್ವನಿ ಸಂದೇಶ. ಅವರಿಗೆ ಬರೆಯಲು ಬರುವುದಿಲ್ಲ, ಮೊಮ್ಮಗಳು ಗುಂಡಿ ಒತ್ತಿ ಹಿಡಿದಿರುತ್ತಾಳೆ. ಹಿಂದೆ ಕುಕ್ಕರ್ ಸೀಟಿ. ಕೇಳಿದಂತೆ ಬರೆದಿದ್ದೇನೆ: ‘ಬಸೂ, ನಿಮ್ಮಪ್ಪಗ ಆಗ ಕೆಮ್ಮು ಇರ್ಲಿಲ್ಲೋ. ನೀ ಕಾಲೇಜಿನಾಗಿದ್ದಾಗ ಹಿತ್ತಲದಾಗ ಸೇದತಿದ್ದೆಲ್ಲ, ಅವಗ ಗೊತ್ತಿತ್ತು. ಹಿತ್ತಲ ಬಾಗಲಿಗಿ ಬರೋ ಮೊದಲ ಎರಡು ಸಲ ಕೆಮ್ಮತಿದ್ದ. ನೀ ಒಗೀಲಿ ಅಂತ. ಮಗ ಸಿಕ್ಕಬಿದ್ರ ಬೈಬೇಕಾಗ್ತದ, ಬೈಲಿಕ್ಕ ನನಗೇನು ಬಾಯದ, ನಾನೂ ಸೇದತೀನಿ ಅಂತಿದ್ದ.’

ವೈನಿ: ಇದೆಲ್ಲಾ ಓದಿ ನನಗೂ ಕಣ್ಣೀರು ಬಂತು. ಆದ್ರ ಒಂದು ಮಾತು ಎಲ್ಲರ ಮುಂದ ಹೇಳ್ತೀನಿ. ಮಾವ ನೆನಪಾದ್ರ ಅಳ್ರಿ. ಕೂಸಿನ ಮುಂದೇ ಅಳ್ರಿ, ನಡೀತದ, ಅಕಿಗೂ ಮುತ್ಯಾ ನೆನಪಾಗ್ತಾನ. ಸಿಟ್ಟು ಬರೋದು ನಿಮ್ಮ ಕೈಯಾಗ ಇಲ್ಲ ಅಂತ ಅಕ್ಕ ಹೇಳಿದ್ರು, ಒಪ್ಪಿದೆ. ಡಬ್ಬಿ ನಿಮ್ಮ ಕೈಯಾಗೇ ಇತ್ತು.

ಕಾಕಾ: ಗಂಡಸಾಗಿ ಕೂಸಿನ ಮುಂದ ಅಳೋದೇನು.

ಕಾಕಿ: ಗಂಗಾಳ ಒಗೀಬಹುದು, ಅಳಬಾರದು. ಬರೋಬ್ಬರಿ ಅದ.

(ಇದಕ್ಕೆ ಹದಿಮೂರು ಜನ ನಗುವ ಚಿತ್ರ ಒತ್ತಿದರು. ಅದರಲ್ಲಿ ಒಬ್ಬರು ಕಾಕಾ. ಬೆರಳು ತಪ್ಪಿ ಬಿತ್ತೋ ಏನೋ, ತೆಗೆಯಲೂ ಇಲ್ಲ.)

ಸುಮಂಗಲಾ ಅಕ್ಕ: ಬಸು, ಕೇಳು. ಇಬ್ಬರ ಮಾತೂ ಬ್ಯಾರೆ ಬ್ಯಾರೆ ಇಡು. ನಿಕೋಟಿನ್ ಸಿಟ್ಟು ವಾರ ಕಳದಂಗ ಇಳೀತದ. ಅಪ್ಪಂದು ಕ್ಯಾಲೆಂಡರ್ ನೋಡಿ ಇಳಿಯಲ್ಲ, ಅದನ್ನ ಯಾರ ಮುಂದರೆ ಮಾತಾಡೇ ತೀರಿಸಬೇಕು. ಎರಡು ವಾರ ಆದ್ರೂ ದಿನಪೂರ್ತಿ ಮಂಕು, ಊಟ ನಿದ್ದಿ ಬ್ಯಾಡ, ಬದಕೋದೇ ಬ್ಯಾಡ ಅನಸ್ಲತ್ತದಂದ್ರ ಸುಮ್ಮ ಕೂಡಬ್ಯಾಡ, ದವಾಖಾನಿ. ರಾತ್ರಿ ಹೊತ್ತು ಆದ್ರ 14416, ಟೆಲಿಮಾನಸ್ ಅಂತ ಮನಸ್ಸಿನ ತ್ರಾಸಿಗಿ ಸರ್ಕಾರದ ಸಹಾಯವಾಣಿ, ಕನ್ನಡದಾಗೇ ಮಾತಾಡ್ತಾರ. ಸಿಗರೇಟಿನ ಸಲುವಾಗಿ 1800-11-2356. ಅದಕ್ಕೂ ರೊಕ್ಕ ಬೀಳಲ್ಲ, ನಿಮ್ಹಾನ್ಸ್ ಕಡಿಯಿಂದ ಕನ್ನಡದವರು ಸಿಗ್ತಾರ. 2018ರಿಂದ ಪಾಕೀಟಿನ ಮ್ಯಾಲೇ ಛಾಪಿಸ್ಯಾರ.

ಬಸು: ಹೌದೇನು? ಇಷ್ಟು ವರ್ಷ ಆ ಪಾಕೀಟು ಕೈಯಾಗ ಹಿಡದೀನಿ, ನೋಡೇ ಇಲ್ಲ. ತಡಿ, ಗಾಡಿ ಡಿಕ್ಕಿಯಾಗ ಒಂದದ, ನೋಡ್ತೀನಿ.

ವೈನಿ: ಖಾಲಿ ಪಾಕೀಟಾ?

ಎರಡು ನಿಮಿಷ.

ಬಸು: ಒಂದು ಸಿಗರೇಟದ.

ಇಲ್ಲಿಂದ ಮುಂದಿನ ನಲವತ್ತು ಸಂದೇಶ ನಾನು ಹಾಕುವುದಿಲ್ಲ. ಸಾರ ಇಷ್ಟು: ಎದುರಿಗಿಟ್ಟುಕೊಂಡು ಮುಟ್ಟದೇ ಇದ್ದರೇ ಗಂಡಸ್ತನ ಅಂತ ಕಾಕಾ; ಹಸಿದ ಬೆಕ್ಕಿನ ಮುಂದೆ ಹಾಲಿಟ್ಟು ಪರೀಕ್ಷೆ ಮಾಡ್ತೀರೇನು ಅಂತ ಅಕ್ಕ; ಅದು ಇದೆ ಅನ್ನುವ ಧೈರ್ಯದಿಂದಲೇ ಒಂಬತ್ತು ದಿನ ತೆಗೆದೆ ಅಂತ ಅಣ್ಣ. ನನಗೆ ಅಣ್ಣನ ಮಾತು ಅರ್ಥವಾಯಿತು, ಅಕ್ಕನ ಮಾತು ಸರಿ ಅನ್ನಿಸಿತು. ಕೊನೆಗೆ ಒಂದು ಫೋಟೊ ಬಂತು: ಚಾ ಕಪ್ಪಿನ ತಳದ ಗಸಿಯಲ್ಲಿ ಮುರಿದು ನೆನೆಸಿದ ಸಿಗರೇಟು. ಯಾರೂ ಚಪ್ಪಾಳೆ ತಟ್ಟಲಿಲ್ಲ. ‘ಅದು ದಿನದ ಎಷ್ಟನೇ ಚಾ?’ ಅಂತ ಅಕ್ಕ ಕೇಳಿದಳು.

ಸಂಜೆ ಏಳರ ಸುಮಾರಿಗೆ ಇನ್ನೊಂದು ಫೋಟೊ. ಸ್ಟೀಲ್ ಡಬ್ಬಿ, ಅಂಚಿನಲ್ಲಿ ಸುತ್ತಿಗೆ ಗುರುತು.

ಬಸು: ಸೂಪರ್ ಮಾರ್ಕೆಟ್ ಕಡಿ ಡಬ್ಬಿ ರಿಪೇರಿಯವನ ಹತ್ರ ಬಡಿಸಿ ತಂದೆ. ಹೊಸಾದು ತಗೋರಿ ಅಂದ, ಒಲ್ಲೆ ಅಂದೆ. ಮುಚ್ಚಳ ಇನ್ನೂ ಒಂದು ಕಡಿ ಹತ್ತವಲ್ದು.

ವೈನಿ: ಮೊದಲು ಎಡಗಡಿ ಒತ್ತಿ ಆಮ್ಯಾಲ ತಿರುವಬೇಕಂತ. ಮುತ್ಯಾ ಅಕಿಗಿ ಕಲಿಸ್ಯಾನ. ಶುಕ್ರವಾರನೂ ಅಕಿ ಅದನ್ನೇ ಹೇಳ್ಲತ್ತಿದ್ಳು, ನೀವು ಕಸಗೊಂಡ್ರಿ.