ಊರಿನ ಲೂಥರನ್ ಸಭೆಯ ಚಟುವಟಿಕೆಗಳಲ್ಲಿ ಕ್ರೈಸ್ತರಲ್ಲದ ನಾವು ಎಷ್ಟರಮಟ್ಟಿಗೆ ಸೇರಿಕೊಳ್ಳಬಹುದು? (ಸ್ಟುಟ್‌ಗಾರ್ಟ್ ಸುತ್ತಮುತ್ತ)

ಪ್ರಶ್ನೆ – ನೆಕ್ಕರ್ ತೀರ

ಎಲ್ಲರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್‌ಗೆ ಹತ್ತಿರ, ಎಸ್ಲಿಂಗನ್ ಕಡೆಯ ಒಂದು ಸಣ್ಣ ಊರಿನಲ್ಲಿ ನಾನು, ನನ್ನ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ವಾಸವಾಗಿದ್ದೇವೆ. ಪುರಸಭೆಯ ಶಿಶುವಿಹಾರದಲ್ಲಿ ಜಾಗ ಸಿಗದ ಕಾರಣ ಊರಿನ ಲೂಥರನ್ ಸಭೆಯವರು ನಡೆಸುವ ಶಿಶುವಿಹಾರಕ್ಕೆ ಮಗಳನ್ನು ಸೇರಿಸಿದೆವು. ಅಲ್ಲಿಂದ ನಮಗೂ ಆ ಚರ್ಚಿಗೂ ನಂಟು ಬೆಳೆಯಿತು. ಅಕ್ಟೋಬರಿನ ಕೊಯ್ಲಿನ ಹಬ್ಬಕ್ಕೆ ಮಗುವಿನ ಕೈಯಲ್ಲಿ ಒಂದು ಕುಂಬಳಕಾಯಿ ಕಳುಹಿಸಿ ಎಂದರು. ಕ್ರಿಸ್‌ಮಸ್ ಮುನ್ನಾದಿನ ಯೇಸುವಿನ ಜನನವನ್ನು ಆಡಿ ತೋರಿಸುವ ಗೋದಲಿ ನಾಟಕದಲ್ಲಿ ಅವಳಿಗೆ ಕುರಿಮರಿಯ ಪಾತ್ರ ಕೊಟ್ಟರು. ಈಗ ಬೇಸಿಗೆಯ ಸಭಾ ಉತ್ಸವಕ್ಕೆ ನಿಮ್ಮ ಕಡೆಯ ತಿಂಡಿ ಏನಾದರೂ ತರುವಿರಾ ಎಂದು ಕೇಳಿದ್ದಾರೆ. ಮುಂದಿನ ಚಳಿಗಾಲದಲ್ಲಿ ಫೆಸ್ಪರ್‌ಕಿರ್ಶೆಯ, ಅಂದರೆ ಚರ್ಚಿನೊಳಗೇ ಬಡವರಿಗೂ ಉಳಿದವರಿಗೂ ಒಟ್ಟಿಗೆ ಹಾಕುವ, ಊಟ ಬಡಿಸಲು ಬರುವಿರಾ ಎಂದೂ ವಿಚಾರಿಸಿದ್ದಾರೆ.

ಜನ ಬಹಳ ಸಜ್ಜನರು. ಆದರೂ ನಾವು ಹಿಂದೂಗಳು, ಮತ ಬದಲಾಯಿಸುವ ಯೋಚನೆ ನಮಗಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಗೋದಲಿಯ ಫೋಟೋ ಕಳುಹಿಸಿದಂದಿನಿಂದ ಒಳಗೊಳಗೇ ಅಳುಕು. ಹೀಗೆ ಹೋಗಿಬರುವುದರಿಂದ ಮುಂದೆ ಏನಾದರೂ ನಿರೀಕ್ಷೆ ಹುಟ್ಟುತ್ತದೆಯೇ, ಚರ್ಚ್ ತೆರಿಗೆ ನಮ್ಮ ಮೇಲೂ ಬೀಳುತ್ತದೆಯೇ, ಆರಾಧನೆಯ ಹೊತ್ತಿನಲ್ಲಿ ಯಾವುದರಲ್ಲಿ ಸೇರಬೇಕು, ಯಾವಾಗ ಸುಮ್ಮನೆ ಕೂರಬೇಕು ಎಂಬುದನ್ನು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಹಳೇ ವಲಸಿಗ

ಮೊದಲು ತೆರಿಗೆಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದು ಎಲ್ಲಕ್ಕಿಂತ ಸರಳ. ಚರ್ಚ್ ತೆರಿಗೆ ಸಭೆಯ ನೋಂದಾಯಿತ ಸದಸ್ಯರಿಗೆ ಮಾತ್ರ. ಬಾಡನ್-ವ್ಯೂರ್ಟೆಂಬರ್ಗ್‌ನಲ್ಲಿ ಅದು ಆದಾಯ ತೆರಿಗೆಯ ಶೇ. 8ರಷ್ಟು, ಆದಾಯದ ಶೇ. 8 ಅಲ್ಲ, ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಕಟ್ಟುವ ಸದಸ್ಯನಿಗೆ 480 ಯೂರೋ ಬೀಳುತ್ತದೆ. ನೀವು ಊರಿನಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಅಂಕಣದಲ್ಲಿ ಎವಾಂಗೆಲಿಶ್ (ಪ್ರೊಟೆಸ್ಟೆಂಟ್) ಎಂದು ಬರೆಯದಿದ್ದರೆ ಸಾಕು. ಉತ್ಸವಕ್ಕೆ ಹೋದರೂ, ನಾಟಕದಲ್ಲಿ ಮಗು ಕುರಿಮರಿಯಾದರೂ, ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತರೂ ಸದಸ್ಯತ್ವ ತಾನಾಗಿ ಬರುವುದಿಲ್ಲ. ಅದಕ್ಕೆ ದೀಕ್ಷಾಸ್ನಾನ ಆಗಬೇಕು.

ಶಿಶುವಿಹಾರದ ಬಗ್ಗೆಯೂ ಒಂದು ಮಾತು. ಅದರ ಹೆಸರಿನಲ್ಲಿ ಚರ್ಚ್ ಇದ್ದರೂ ನಡೆಸುವ ಖರ್ಚಿನ ಬಹುಪಾಲು ಬರುವುದು ಸರ್ಕಾರ ಮತ್ತು ಪುರಸಭೆಯಿಂದ. ಉಳಿದದ್ದರಲ್ಲಿ ಸಭೆಯ ಪಾಲು ಸ್ವಲ್ಪ, ಪೋಷಕರ ಶುಲ್ಕ ಸ್ವಲ್ಪ. ಹಾಗಾಗಿ ಅಲ್ಲಿ ಎಲ್ಲ ಮತದ ಮಕ್ಕಳೂ ಇರುತ್ತಾರೆ. ಆದರೆ ಊಟಕ್ಕೆ ಮುಂಚೆ ಪುಟ್ಟ ಪ್ರಾರ್ಥನೆ, ಬೈಬಲ್ ಕಥೆ, ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ವಾರಗಳಲ್ಲಿ ಹಸಿರೆಲೆಯ ಬಳೆಯ ಮೇಲೆ ವಾರಕ್ಕೊಂದು ಮೇಣದಬತ್ತಿ ಹಚ್ಚುವುದು ಇವೆಲ್ಲ ಇದ್ದೇ ಇರುತ್ತವೆ. ಆ ಬಳೆಯನ್ನು ಮೊದಲು ಮಾಡಿದವನು ಯೋಹಾನ್ ಹಿನ್ರಿಶ್ ವಿಶರ್ನ್, 1839ರಲ್ಲಿ, ಹ್ಯಾಂಬರ್ಗ್‌ನ ತನ್ನ ಅನಾಥಾಲಯದ ಮಕ್ಕಳಿಗಾಗಿ. ಅದೇ ವಿಶರ್ನ್ 1848ರಲ್ಲಿ ವಿಟ್ಟನ್‌ಬರ್ಗ್‌ನ ಸಮ್ಮೇಳನದಲ್ಲಿ ನಿಂತು, ಬಡವರ ಸೇವೆಯೂ ಉಪದೇಶದಷ್ಟೇ ಚರ್ಚಿನ ಕೆಲಸ ಎಂದು ವಾದಿಸಿದ. ಡಯಾಕೋನಿ ಎಂಬ ಇಂದಿನ ಚರ್ಚ್ ಸೇವಾಸಂಸ್ಥೆಗಳ ಬೇರು ಅಲ್ಲಿದೆ. ನಿಮ್ಮನ್ನು ಊಟ ಬಡಿಸಲು ಕರೆದದ್ದೂ ಆ ಪರಂಪರೆಯ ಮುಂದುವರಿಕೆಯೇ.

ಉತ್ತರ – ಬಲ್ಮಠದ ಮಗಳು

ನಾನು ಮಂಗಳೂರಿನವಳು, ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿದವಳು, ಈಗ ಟ್ಯೂಬಿಂಗನ್‌ನಲ್ಲಿದ್ದೇನೆ. ನಿಮ್ಮ ಅಪ್ಪ ಅಮ್ಮನ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೆನ್ನಿಗೆ ನಿಂತದ್ದು ಇದೇ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ (ವೈಯಕ್ತಿಕ ಭಕ್ತಿಗೆ ಒತ್ತು ಕೊಡುವ ಪ್ರೊಟೆಸ್ಟೆಂಟ್ ಪಂಥ, ಪಯಟಿಸಂ) ಕುಟುಂಬಗಳು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹೆರ್ಮನ್ ಮ್ಯೋಗ್ಲಿಂಗ್ ಹುಟ್ಟಿದ್ದು ಇಲ್ಲಿನ ಬ್ರಾಕನ್‌ಹೈಮ್‌ನಲ್ಲಿ, ತೀರಿಕೊಂಡದ್ದು 1881ರಲ್ಲಿ ನಿಮ್ಮ ನೆರೆಯ ಎಸ್ಲಿಂಗನ್‌ನಲ್ಲಿ. ಉತ್ತರ ಜರ್ಮನಿಯವನಾದ ಕಿಟ್ಟೆಲ್ ಕೂಡ ಕೊನೆಯ ದಿನಗಳನ್ನು ಕಳೆದದ್ದು ನಾನಿರುವ ಈ ಊರಿನಲ್ಲೇ. ಅವರು ಮತಾಂತರದ ಉದ್ದೇಶವನ್ನು ಮುಚ್ಚಿಟ್ಟವರಲ್ಲ, ಪತ್ರಿಕೆ, ಶಾಲೆ, ನಿಘಂಟು ಎಲ್ಲವೂ ಆ ಉದ್ದೇಶದ ಜೊತೆಜೊತೆಗೇ ಬಂದವು. ಇಂದು ಇಲ್ಲಿನ ಊರ ಸಭೆಯ ಹೊರಮುಖ ಕೆಲಸ ಬಹುಮಟ್ಟಿಗೆ ಬೇರೆ ಸ್ವರೂಪದ್ದು: ಒಂಟಿ ಮುದುಕರ ಮನೆ ಭೇಟಿ, ನಿರಾಶ್ರಿತರಿಗೆ ಜರ್ಮನ್ ಪಾಠ, ಶಿಶುವಿಹಾರ, ಸಾವಿನ ಮನೆಯವರ ಜೊತೆ ನಿಲ್ಲುವುದು. ಹಾಗೆಂದು ಎಲ್ಲ ಕಡೆಯೂ ಒಂದೇ ಎಂದು ಭಾವಿಸಬೇಡಿ. ಭಕ್ತಿಪಂಥದ ಗುಂಪುಗಳು ಈ ಸಭೆಗಳ ಒಳಗೇ ಇಂದಿಗೂ ಜೀವಂತವಾಗಿವೆ, ಪ್ರತ್ಯೇಕವಾದ ಸ್ವತಂತ್ರ ಚರ್ಚುಗಳೂ ಇವೆ; ನಂಬಿಕೆಯ ಕೋರ್ಸ್ ಎಂಬ ಚೀಟಿ ಕೈಗೆ ಬಂದರೆ ಅದು ನೇರವಾಗಿ ಧರ್ಮಬೋಧೆಯ ಆಹ್ವಾನ ಎಂದು ತಿಳಿಯಿರಿ. ಬೇಡವೆಂದರೆ ಬೇಡವೆಂದು ಹೇಳಿ. ಜರ್ಮನರಿಗೆ ನೇರ ಮಾತು ಅವಮಾನವಲ್ಲ, ನಮ್ಮ ಹಾಗೆ 'ನೋಡೋಣ, ಬರುತ್ತೇವೆ' ಎಂದು ತಳ್ಳಿಹಾಕಿದರೇ ಅವರಿಗೆ ಬೇಸರ.

ಆರಾಧನೆಯ ರೀತಿಯ ಬಗ್ಗೆ ಕೇಳಿದ್ದೀರಿ. ಇಲ್ಲಿನ ದೊರೆ ಡ್ಯೂಕ್ ಉಲ್ರಿಶ್ 1534ರಲ್ಲಿ ಪ್ರೊಟೆಸ್ಟೆಂಟ್ ಧರ್ಮಸುಧಾರಣೆಯನ್ನು ಜಾರಿಗೆ ತಂದಾಗಿನಿಂದ ಈ ಸೀಮೆಯ ಸಭೆ ನಂಬಿಕೆಯಲ್ಲಿ ಲೂಥರನ್ ಆದರೂ ಆರಾಧನೆ ಮಾತ್ರ ಬಹಳ ಸಾದಾ: ಹಾಡು, ಪ್ರಾರ್ಥನೆ, ಉದ್ದನೆಯ ಉಪದೇಶ, ಮತ್ತೆ ಹಾಡು. ಉತ್ತರ ಜರ್ಮನಿಯ ಲೂಥರನ್ ಚರ್ಚುಗಳಲ್ಲಿ ಪಾಸ್ಟರರೂ ಸಭಿಕರೂ ಸರದಿಯಂತೆ ಹಾಡಿ ಉತ್ತರಿಸುವ ಕ್ರಮ ಇಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮೊದಲ ಭಾನುವಾರ ಹೋದಾಗ ನನಗೆ ಮಂಗಳೂರಿನ ನಮ್ಮ ಚರ್ಚಾದ ಶಾಂತಿ ದೇವಾಲಯದಲ್ಲೇ ಕುಳಿತಂತೆ ಅನ್ನಿಸಿದ್ದು ಅದಕ್ಕೇ ಇರಬೇಕು. ನಾವು ಕನ್ನಡದ ಮಾತುಗಳಿಗೆ ಹಾಡುವ ಎಷ್ಟೋ ರಾಗಗಳು ಇಲ್ಲಿಂದಲೇ ಬಂದವು. ಎಲ್ಲರೂ ಎದ್ದಾಗ ಏಳಿ, ಕುಳಿತಾಗ ಕೂರಿ, ಹಾಡುವುದು ನಿಮ್ಮಿಷ್ಟ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿನಲ್ಲಿ ಮಾತ್ರ ನಿಮ್ಮ ಜಾಗದಲ್ಲೇ ಕುಳಿತಿರಿ. ಅದು ದೀಕ್ಷಾಸ್ನಾನ ಆದವರಿಗೆ ಇರುವಂಥದ್ದು, ಕೂತವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅಕ್ಕಪಕ್ಕದವರೆಲ್ಲ ಎದ್ದು ಹೋಗಿ ಮುಜುಗರವಾದರೆ ಸಾಲಿನಲ್ಲಿ ಮುಂದೆ ಹೋಗಿ ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡ ಇಟ್ಟುಕೊಂಡರೆ ಪಾಸ್ಟರ್ ರೊಟ್ಟಿಯ ಬದಲು ಆಶೀರ್ವಾದದ ಎರಡು ಮಾತು ಹೇಳಿ ಕಳುಹಿಸುತ್ತಾರೆ. ಕಾಣಿಕೆಗೆ ತಟ್ಟೆ ಬೆಂಚಿನ ಬಳಿಗೆ ಬರದಿದ್ದರೆ ಗಾಬರಿ ಬೇಡ, ಇಲ್ಲಿ ಅದನ್ನು ಸಾಮಾನ್ಯವಾಗಿ ಹೊರಹೋಗುವ ಬಾಗಿಲಿನ ಬಳಿ ಹಾಕುತ್ತಾರೆ. ಆ ದಿನದ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಮೊದಲೇ ಘೋಷಿಸಿರುತ್ತಾರೆ.

ನಿಮ್ಮ ಕುಂಬಳಕಾಯಿ ಎಲ್ಲಿ ಹೋಯಿತೆಂದು ಮಗಳು ಕೇಳಿದರೆ: ನಮ್ಮ ಕಡೆ ಬೆಳೆ ಹಬ್ಬದ ದಿನ ತಂದ ತೆಂಗಿನಕಾಯಿ, ಬಾಳೆಗೊನೆಯನ್ನು ಏಲಂ ಹಾಕಿ ಹಣವನ್ನು ಸಭೆಯ ನಿಧಿಗೆ ಸೇರಿಸುತ್ತಾರೆ, ಇಲ್ಲಿ ಬಲಿಪೀಠದ ಮುಂದೆ ಜೋಡಿಸಿಟ್ಟ ಕುಂಬಳ, ಸೇಬು, ಬ್ರೆಡ್ಡು ಸಾಮಾನ್ಯವಾಗಿ ಬಡವರಿಗೆ ದಿನಸಿ ಹಂಚುವ ಟಾಫೆಲ್ ಅಂಗಡಿಗೆ ಹೋಗುತ್ತವೆ. ಏಲಂ ಇಲ್ಲದೆ ಬೆಳೆ ಹಬ್ಬ ಸ್ವಲ್ಪ ಸಪ್ಪೆ ಎಂಬುದು ನನ್ನ ಖಾಸಗಿ ದೂರು.

ಉತ್ತರ – ಸೌಟು ಹಿಡಿದವ

ಫೆಸ್ಪರ್‌ಕಿರ್ಶೆಗೆ ಖಂಡಿತ ಹೋಗಿ ಎನ್ನುವವನು ನಾನು. 1995ರಲ್ಲಿ ಸ್ಟುಟ್‌ಗಾರ್ಟ್‌ನ ಲಿಯೋನ್‌ಹಾರ್ಡ್ಸ್ ಚರ್ಚಿನಲ್ಲಿ ಆರಂಭವಾದ ಈ ಪದ್ಧತಿ ಆಮೇಲೆ ಎಸ್ಲಿಂಗನ್, ಉಲ್ಮ್ ಮೊದಲಾದ ಊರುಗಳಿಗೂ ಹಬ್ಬಿತು. ಸ್ಟುಟ್‌ಗಾರ್ಟ್‌ನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಏಳು ವಾರ, ಬೇರೆ ಕಡೆ ಕೆಲವೇ ವಾರ. ಆ ದಿನಗಳಲ್ಲಿ ಚರ್ಚ್ ಕಟ್ಟಡವೇ ಊಟದ ಮನೆ. ಸಾಂಕೇತಿಕ ಬೆಲೆಗೆ ಬಿಸಿ ಊಟ ಸಿಗುತ್ತದೆ, ಹಲವು ಕಡೆ ವೈದ್ಯರೂ ಕ್ಷೌರಿಕರೂ ಬಂದು ಕೂರುತ್ತಾರೆ, ಸ್ಟುಟ್‌ಗಾರ್ಟ್‌ನಲ್ಲಿ ಮನೆಯಿಲ್ಲದವರ ನಾಯಿಗಳಿಗೂ ಪಶುವೈದ್ಯರಿದ್ದಾರೆ. ಇದರ ಜೀವಾಳ ಅನ್ನದಾನವಷ್ಟೇ ಅಲ್ಲ, ಪಂಕ್ತಿ. ನಿವೃತ್ತ ಅಧಿಕಾರಿ, ಬೀದಿಯಲ್ಲಿ ಮಲಗುವವನು, ಪಿಂಚಣಿ ಸಾಲದ ಅಜ್ಜಿ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಅನುಕೂಲವಿದ್ದವರು ಡಬ್ಬಿಗೆ ಹೆಚ್ಚು ಹಾಕುತ್ತಾರೆ, ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ.

ನಾನು ಹೋಗುವ ಕಡೆ ಬೆಳಿಗ್ಗೆ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ಉದ್ದ ಮೇಜುಗಳನ್ನು ಹಾಕುತ್ತೇವೆ, ಏಪ್ರನ್ ಕಟ್ಟಿಕೊಂಡು ಮೇಜಿಗೇ ತಟ್ಟೆ ತಂದುಕೊಡುತ್ತೇವೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಯಾರಾದರೊಬ್ಬರು ಮೈಕಿನ ಮುಂದೆ ನಿಂತು ಐದು ನಿಮಿಷ ಚಿಂತನೆಯ ಮಾತಾಡುತ್ತಾರೆ. ಆಗ ಬಡಿಸುವುದು ನಿಲ್ಲುತ್ತದೆ, ಉಣ್ಣುವುದು ನಿಲ್ಲುವುದಿಲ್ಲ. ಒಬ್ಬ ವೃದ್ಧರು ಪ್ರತಿ ಸಲವೂ ಆಲೂಗಡ್ಡೆ ಸಲಾಡಿನ ಮೇಲೆ ಇನ್ನೊಂದು ಚಮಚ ಸಾರು ಹಾಕಿಸಿಕೊಂಡು, ಇದನ್ನು ಬೆರ್ಲಿನ್‌ನವರು ಮಾಡಿರಬೇಕು, ಈ ಸೀಮೆಯವರಾದ ಸ್ವಾಬಿಯನ್ನರ ಕೈ ಇಷ್ಟು ಒಣ ಅಲ್ಲ ಎಂದು ಗೊಣಗುತ್ತಾರೆ. ನನ್ನ ಮತ ಯಾವುದೆಂದು ಅಲ್ಲಿ ಯಾರೂ ಕೇಳಿಲ್ಲ. ಆದರೆ ಆಹಾರ ಮುಟ್ಟುವ ಕೆಲಸವಾದ್ದರಿಂದ ನೈರ್ಮಲ್ಯದ ಬಗ್ಗೆ ತಿಳಿವಳಿಕೆಯ ತರಗತಿ ಆಗಿದೆಯೇ ಎಂದು ಮೊದಲೇ ಕೇಳಿದರು; ನಿಮ್ಮಲ್ಲೂ ಕೇಳಬಹುದು. ಮಕ್ಕಳ ಜೊತೆಗಿನ ಕೆಲಸಕ್ಕೆ ಸೇರಿದರೆ ಪೊಲೀಸ್ ದಾಖಲೆಯ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಅನುಮಾನವೆಂದು ತಿಳಿಯಬೇಡಿ, ಎಲ್ಲರಿಗೂ ಅದೇ ನಿಯಮ, ಸ್ವಯಂಸೇವಕರಿಗೆ ಶುಲ್ಕವೂ ಇಲ್ಲ.

ಉತ್ತರ – ನಡುಬೆಂಚು

ಮೇಲಿನವರು ಹೇಳಿದ್ದೆಲ್ಲ ಸರಿಯೇ, ಆದರೆ ಚಿತ್ರ ತುಸು ಹೆಚ್ಚು ಚಂದವಾಗಿದೆ. ಈ ಆದರದ ಹಿಂದೆ ಅಗತ್ಯವೂ ಇದೆ. ಜರ್ಮನಿಯ ಎವಾಂಗೆಲಿಶ್ ಚರ್ಚುಗಳ ಒಟ್ಟು ಸದಸ್ಯರು 2024ರ ಕೊನೆಗೆ ಸುಮಾರು 1 ಕೋಟಿ 80 ಲಕ್ಷಕ್ಕೆ ಇಳಿದರು. ಆ ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಹೆಸರು ತೆಗೆಸಿಕೊಂಡರು. ವ್ಯೂರ್ಟೆಂಬರ್ಗ್‌ನಲ್ಲಿ ಪಾಸ್ಟರ್ ಹುದ್ದೆಗಳನ್ನು ಕಡಿಮೆ ಮಾಡಲಾಗುತ್ತಿದೆ, ನೆರೆಹೊರೆಯ ಸಭೆಗಳು ಒಂದಾಗುತ್ತಿವೆ, ಕೆಲವು ಕಡೆ ಸಭಾಭವನಗಳೇ ಮಾರಾಟಕ್ಕಿವೆ. ಉತ್ಸವದ ದಿನ ಮೇಜು ಹೊರಲು ಎಪ್ಪತ್ತು ದಾಟಿದವರೇ ಉಳಿದಿರುವ ಸಭೆಗೆ ಮೂವತ್ತರ ದಂಪತಿ ಬಂದರೆ ಕಣ್ಣರಳುವುದು ಸಹಜ. ನನ್ನ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇಲ್ಲ, ಆದರೆ ನಿಮ್ಮ ಸಮಯದ ಮಿತಿಯನ್ನು ಮೊದಲೇ ನೀವೇ ಹಾಕಿಕೊಳ್ಳಿ.

ಇನ್ನೊಂದು ವಿಷಯ. ಅತಿಥಿಯಾಗಿ ಎಷ್ಟು ಸುಲಭವಾಗಿ ಒಳಗೆ ಬರಬಹುದೋ, ತೀರ್ಮಾನ ಮಾಡುವ ಜಾಗಕ್ಕೆ ಬರುವುದು ಅಷ್ಟೇ ಅಸಾಧ್ಯ. ಆರು ವರ್ಷಕ್ಕೊಮ್ಮೆ ನಡೆಯುವ ಸಭಾಮಂಡಳಿಯ ಚುನಾವಣೆಯಲ್ಲಿ 14 ತುಂಬಿದ ಸದಸ್ಯರಿಗೂ ಮತವಿದೆ, ಸದಸ್ಯರಲ್ಲದ ನಮಗೆ ಇಲ್ಲ. ನಮ್ಮ ಊರಿನ ಸಭಾಭವನದಲ್ಲಿ ದೀಪಾವಳಿ ಮಾಡಲು ಕೇಳಿದಾಗ ಊಟ, ಹಾಡು, ನೃತ್ಯಕ್ಕೆ ಬಾಡಿಗೆಗೆ ಕೊಡುತ್ತೇವೆ, ಪೂಜೆಗೆ ಕೊಡಲಾಗದು ಎಂದರು. ನನಗೆ ಆಗ ಸಿಟ್ಟು ಬಂದದ್ದು ನಿಜ: ಅವರ ಗೋದಲಿಗೆ ನಮ್ಮ ಮಕ್ಕಳು ಬೇಕು, ನಮ್ಮ ದೀಪಕ್ಕೆ ಜಾಗ ಇಲ್ಲವೇ ಎಂದು. ಈಗಲೂ ಆ ಪ್ರಶ್ನೆ ಸರಿಯಾದದ್ದೇ ಎಂದು ನಾನು ತಿಳಿಯುತ್ತೇನೆ. ಆದರೂ ಅವರು ನಿಯಮವನ್ನು ಮೊದಲೇ ಕಾಗದದ ಮೇಲೆ ತೋರಿಸಿದರು. ಪೂಜೆಯನ್ನು ಮನೆಯಲ್ಲಿ ಮುಗಿಸಿ ಊಟವನ್ನು ಅಲ್ಲಿ ಮಾಡಿದೆವು, ಪಾಸ್ಟರ್ ಕೂಡ ಬಂದು ಹೋಳಿಗೆ ತಿಂದರು.

ಮೂಲ ಪ್ರಶ್ನೆ ಕೇಳಿದವರು – ನೆಕ್ಕರ್ ತೀರ

ಎಲ್ಲರಿಗೂ ಧನ್ಯವಾದಗಳು. ಫೆಸ್ಪರ್‌ಕಿರ್ಶೆಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ, ಬರುತ್ತೇವೆಂದು ಹೆಸರು ಕೊಡುತ್ತೇವೆ, ನಂಬಿಕೆಯ ಕೋರ್ಸಿನ ಚೀಟಿ ಬಂದರೆ ನೇರವಾಗಿ ಬೇಡವೆನ್ನುತ್ತೇವೆ. ಉತ್ಸವಕ್ಕೆ ಚಿತ್ರಾನ್ನವೋ ಮೈಸೂರು ಪಾಕೋ ಎಂಬ ಚರ್ಚೆ ಮನೆಯಲ್ಲಿ ನಡೆದಿದೆ. ಕಡಲೆಕಾಯಿ ಹಾಕಬಹುದೇ?

ಉತ್ತರ – ಸೌಟು ಹಿಡಿದವ

ಹಾಕಬೇಡಿ, ಮಕ್ಕಳಿರುತ್ತಾರೆ. ಚಿತ್ರಾನ್ನಕ್ಕೆ ಕಡಲೆಬೇಳೆ, ಉದ್ದಿನಬೇಳೆ ಸಾಕು. ಏನೇನು ಹಾಕಿದ್ದೀರೆಂದು, ಸಾಸಿವೆಯನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಜರ್ಮನ್‌ನಲ್ಲಿ ಬರೆದು ಪಾತ್ರೆಯ ಮುಂದೆ ಇಡಿ, ಇಲ್ಲಿ ಸಾಸಿವೆಯೂ ಅಲರ್ಜಿ ಪಟ್ಟಿಯಲ್ಲಿದೆ. ಹಸಿಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿ. ಪಾತ್ರೆಯ ತಳಕ್ಕೆ ನಿಮ್ಮ ಹೆಸರು ಅಂಟಿಸುವುದನ್ನು ಮರೆಯಬೇಡಿ, ಸಭಾಭವನದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ವಾರಸುದಾರರಿಲ್ಲದೆ ಉಳಿದ ಪಾತ್ರೆಗಳದ್ದೇ ಒಂದು ಕಪಾಟು ಇರುತ್ತದೆ.