ಪುಟ್ಟಿಯ ಎಂ.ಎ. ಸಂಗೀತ: ಚಿಕ್ಕಮ್ಮನ ಉದ್ದದ ಉತ್ತರ

ಎಲ್ಲರಿಗೂ ನಮಸ್ಕಾರ. ವಾಯ್ಸ್ ಮೆಸೇಜೇ ಕಳಿಸೋಣ ಅಂತಿದ್ದೆ, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ, ನನ್ನ ಮಾತು ನನಗೇ ಕೇಳಿಸುತ್ತಿಲ್ಲ. ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಪುಟ್ಟಿ ನಿನ್ನೆ ರಾತ್ರಿ ನಮ್ಮ ಫ್ಯಾಮಿಲಿ ಗುಂಪಿನಲ್ಲಿ ಕೇಳಿದ್ದು ಇಷ್ಟೇ. ಬಿ.ಕಾಂ. ಮುಗಿಯಿತು, ಸಂಗೀತದ ವಿದ್ವತ್ ಪರೀಕ್ಷೆ ಕೂಡ ಆಯಿತು, ಈಗ ಕರ್ನಾಟಕ ಸಂಗೀತದಲ್ಲಿ ಎಂ.ಎ. ಮಾಡಬೇಕು ಅಂತಿದ್ದೇನೆ, ಮೈಸೂರಾ, ಬೆಂಗಳೂರಾ, ಚೆನ್ನೈಯಾ ಅಂತ. ಅದಕ್ಕೆ ಬಂದ ಉತ್ತರಗಳನ್ನೆಲ್ಲಾ ನೋಡಿದೆ. ಭಾವ, ನೀವು ‘ವಿದ್ವತ್ ಆಗಿದೆಯಲ್ಲ, ಮತ್ತೆ ಅದನ್ನೇ ಯಾಕೆ ಓದಬೇಕು’ ಅಂದಿರಿ. ಅಣ್ಣ ‘ಭೀಮಸೇನ ಜೋಶಿ ಯಾವ ಎಂ.ಎ. ಮಾಡಿದ್ದರು’ ಅಂದ. ಅಕ್ಕ ಕೈಮುಗಿಯುವ ಎಮೋಜಿ ಹಾಕಿ ಸುಮ್ಮನಾದಳು. ಯಾವ ಊರು ಅಂತ ಮಗು ಕೇಳಿದ್ದಕ್ಕೆ ಮಾತ್ರ ಒಬ್ಬರೂ ಉತ್ತರ ಕೊಟ್ಟಿಲ್ಲ!

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಡು ಪುಟ್ಟಿ. ಆದರೆ ಕಾಲೇಜು ನೋಡಿ ಊರು ಆರಿಸಬೇಡ. ಯಾರ ಹತ್ತಿರ ಕಲಿಯುತ್ತೀಯ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೋ, ಆಮೇಲೆ ಅವರಿರುವ ಊರಿನಲ್ಲಿ ಎಂ.ಎ. ಎಲ್ಲಿದೆ ಅಂತ ಹುಡುಕು. ಎಲ್ಲರೂ ಇದನ್ನು ತಿರುಗಿಸಿ ಮಾಡುತ್ತಾರೆ. ಸೀಟು ಸಿಕ್ಕಿದ ಮೇಲೆ ಆ ಊರಿನಲ್ಲಿ ಯಾರಾದರೂ ಮೇಷ್ಟ್ರು ಸಿಗುತ್ತಾರಾ ಅಂತ ವಿಚಾರಿಸುತ್ತಾರೆ. ಎರಡು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಆ ಹುಡುಕಾಟಕ್ಕೇ ಹೋಗುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ತರಗತಿಯಲ್ಲಿ ಹಾಡುಗಾರಿಕೆ ಅಷ್ಟಾಗಿ ಬೆಳೆಯುವುದಿಲ್ಲ. ನಾನೂ ಮೈಸೂರಿನಲ್ಲಿ ಎಂ.ಎ. ಮಾಡಿದವಳು, ಆಮೇಲೆ ಪಾಠವನ್ನೂ ಮಾಡಿದವಳು, ಎರಡೂ ಕಡೆಯಿಂದ ನೋಡಿದ್ದೇನೆ. ಶ್ರುತಿಯ ವಿಷಯವನ್ನೇ ತಗೊಳ್ಳಿ. ಶ್ರುತಿ ಅಂದರೆ ಹಾಡಲು ಆಧಾರವಾಗಿ ಹಿಡಿಯುವ ಸ್ವರ, ಅದರ ಎತ್ತರವನ್ನು ಮನೆ ಅಂತ ಲೆಕ್ಕ ಹಾಕುತ್ತೇವೆ. ಪುಟ್ಟಿ ಹಾಡುವುದು ಐದೂವರೆ ಮನೆ ಶ್ರುತಿಗೆ. ಪಕ್ಕದಲ್ಲಿ ಕೂತ ಹುಡುಗ ಒಂದು ಮನೆಯವನು. ಇನ್ನೊಬ್ಬಳು ವೀಣೆಯವಳು, ಅವಳಿಗೆ ಬೇರೆಯದೇ ಲೆಕ್ಕ. ಮೇಷ್ಟ್ರು ಒಂದು ಕೃತಿ ಪಾಠ ಮಾಡಬೇಕಾದರೆ ಶ್ರುತಿಪೆಟ್ಟಿಗೆಯನ್ನು ಎಲ್ಲೋ ಒಂದು ಕಡೆ ಇಡಲೇಬೇಕು, ಅಲ್ವಾ? ಎಲ್ಲಿ ಇಟ್ಟರೂ ಅರ್ಧ ಕ್ಲಾಸಿಗೆ ಮೇಲಿನ ತಾರಸ್ಥಾಯಿ ಸಿಗುವುದಿಲ್ಲ, ಇನ್ನರ್ಧಕ್ಕೆ ಕೆಳಗಿನ ಮಂದ್ರ ಸಿಗುವುದಿಲ್ಲ. ಗಂಟಲು ನೋಯಿಸಿಕೊಂಡು ಹಾಡುವ ಬದಲು ಬಾಯಿ ಆಡಿಸಿಕೊಂಡು ಕೂರುವವರೇ ಜಾಸ್ತಿ. ಇದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ಸಂಗೀತವನ್ನು ಗುಂಪಿನಲ್ಲಿ ಕೂರಿಸಿ ಕಲಿಸಲು ಹೊರಟರೆ ಆಗುವುದೇ ಹೀಗೆ. ನಿನ್ನ ಗಂಟಲು, ನಿನ್ನ ಉಸಿರು, ನೀನು ಎಲ್ಲಿ ಗಮಕವನ್ನು, ಅಂದರೆ ಸ್ವರದ ಓಲಾಟವನ್ನು ನುಂಗುತ್ತೀಯ, ಇದನ್ನೆಲ್ಲಾ ಹಿಡಿದು ತಿದ್ದಲು ಒಬ್ಬರು ಎದುರಿಗೆ ಕೂತಿರಬೇಕು, ನಿನ್ನ ಶ್ರುತಿಯಲ್ಲೇ ಕೂತಿರಬೇಕು.

ಅಣ್ಣ, ಈಗ ನಿನ್ನ ಭೀಮಸೇನ ಜೋಶಿ. ಅವರು ಎಂ.ಎ. ಮಾಡಿರಲಿಲ್ಲ, ನಿಜ. 1933ರಲ್ಲಿ ಹನ್ನೊಂದು ವರ್ಷದ ಹುಡುಗ ಗದಗದ ಮನೆ ಬಿಟ್ಟು ಓಡಿಹೋಗಿ, ಉತ್ತರದಲ್ಲೆಲ್ಲಾ ಗುರುವನ್ನು ಹುಡುಕಿಕೊಂಡು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತದ್ದು. ಗಂಗೂಬಾಯಿ ಹಾನಗಲ್ ಅವರೂ ಅದೇ ಗುರುವಿನ ಹತ್ತಿರ ಹುಬ್ಬಳ್ಳಿಯಿಂದ ರೈಲು ಹಿಡಿದು ಹೋಗಿ ಬಂದು ಕಲಿತವರು. ಪ್ರೈಮರಿ ಶಾಲೆ ದಾಟಿದವರಲ್ಲ. ಅದೇ ಗಂಗೂಬಾಯಿಯವರನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಪ್ರಾಧ್ಯಾಪಕಿಯಾಗಿ ಕೂರಿಸಿಕೊಂಡಿತು, ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟರು. ಅಂದರೆ ನಿನ್ನ ಮಾತು ನನ್ನ ಮಾತಿಗೇ ಸಾಕ್ಷಿ. ಅವರಿಗೆ ಸಿಕ್ಕಿದ್ದು ಗುರುವಿನ ಮನೆ ಮತ್ತು ವರ್ಷಗಟ್ಟಲೆ ಸಮಯ. ಈಗ ನಮ್ಮ ಪುಟ್ಟಿ ‘ಎರಡು ವರ್ಷ ಗುರುಗಳ ಮನೆಗೆ ಹೋಗಿ ಸಾಧನೆ ಮಾಡುತ್ತೇನೆ’ ಅಂದಿದ್ದರೆ ಈ ಗುಂಪಿನಲ್ಲಿ ಯಾರು ಒಪ್ಪುತ್ತಿದ್ದಿರಿ? ಮೂರನೇ ತಿಂಗಳಿಗೆ ಬ್ಯಾಂಕ್ ಪರೀಕ್ಷೆಯ ಅರ್ಜಿ ಬಂದಿರುತ್ತಿತ್ತು, ಐದನೇ ತಿಂಗಳಿಗೆ ಜಾತಕ. ಎಂ.ಎ. ಅಂತ ಒಂದು ಹೆಸರಿದ್ದರೆ ನೆಂಟರ ಬಾಯಿಗೆ ಎರಡು ವರ್ಷ ಬೀಗ. ನನ್ನ ಪ್ರಕಾರ ಆ ಡಿಗ್ರಿಯ ದೊಡ್ಡ ಲಾಭ ಇದೇ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಹಾಗಾದರೆ ತರಗತಿಯಲ್ಲಿ ಏನೂ ಇಲ್ಲವಾ? ಇದೆ, ಬೇಕಾದಷ್ಟಿದೆ, ಅದು ಬೇರೆ ಥರದ್ದು. ವಿದ್ವತ್‌ಗೆ ನಾವು ಶಾಸ್ತ್ರ ಓದುವುದು ಪರೀಕ್ಷೆಯ ಹಿಂದಿನ ವಾರ, ಗೈಡು ಹಿಡಿದುಕೊಂಡು. ಎಪ್ಪತ್ತೆರಡು ಮೇಳ ಅಂದರೆ ಮೂಲ ರಾಗಗಳು, ಅವುಗಳ ಹೆಸರಿನ ಅಕ್ಷರದಿಂದ ಸಂಖ್ಯೆ ಹೇಳುವ ಕಟಪಯಾದಿ, ಎಲ್ಲಾ ಬಾಯಿಪಾಠ. ಎಂ.ಎ.ಯಲ್ಲಿ ಅದನ್ನೇ ನಿಧಾನವಾಗಿ ಬಿಚ್ಚುತ್ತಾರೆ. ವೆಂಕಟಮಖಿ ಅನ್ನುವ ಶಾಸ್ತ್ರಕಾರ ಹದಿನೇಳನೇ ಶತಮಾನದಲ್ಲಿ ಚತುರ್ದಂಡೀಪ್ರಕಾಶಿಕೆ ಅನ್ನುವ ಗ್ರಂಥ ಬರೆದಾಗ ಎಪ್ಪತ್ತೆರಡು ಮೇಳವೂ ಹಾಡುವುದರಲ್ಲಿ ಇರಲಿಲ್ಲ, ಹತ್ತೊಂಬತ್ತು ಮಾತ್ರ ಬಳಕೆಯಲ್ಲಿದ್ದವು, ಉಳಿದವು ಲೆಕ್ಕದಲ್ಲಿ ಮಾತ್ರ. ಮುಂದೆ ಬರುವವರಿಗೆ ಜಾಗ ಕಾಯ್ದಿರಿಸಿದ ಹಾಗೆ. ಇದು ಗೊತ್ತಾದ ದಿನ ನನಗೆ ತಲೆ ಗಿರ್ ಅಂದಿತ್ತು, ಅಲ್ಲಿಯವರೆಗೆ ಮೇಳಗಳೆಲ್ಲಾ ವೇದಕಾಲದಿಂದ ಹಾಗೇ ಬಂದಿವೆ ಅಂದುಕೊಂಡಿದ್ದೆ. ಅಂದ ಹಾಗೆ ವೆಂಕಟಮಖಿಯ ಅಪ್ಪ ಗೋವಿಂದ ದೀಕ್ಷಿತರು ತಂಜಾವೂರಿನ ನಾಯಕರಿಗೆ ಮಂತ್ರಿ, ಮೂಲ ಕನ್ನಡದ ಮನೆತನ. ಅದಕ್ಕೂ ನೂರು ವರ್ಷ ಹಿಂದೆ, 1550ರಲ್ಲಿ, ರಾಮಾಮಾತ್ಯ ಸ್ವರಮೇಳಕಲಾನಿಧಿ ಅನ್ನುವ ಸಂಗೀತಶಾಸ್ತ್ರದ ಗ್ರಂಥ ಬರೆದದ್ದು ವಿಜಯನಗರದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ. ನಾವು ಹಂಪಿಗೆ ಹೋದಾಗಲೆಲ್ಲಾ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ, ಇದನ್ನು ಯಾರೂ ಹೇಳುವುದಿಲ್ಲ.

ತರಗತಿಯಲ್ಲಿ ಸಿಗುವ ಇನ್ನೊಂದು ಲಾಭ, ಪಲ್ಲವಿ. ರಾಗವನ್ನು ವಿಸ್ತರಿಸಿ ಆಮೇಲೆ ಒಂದೇ ಸಾಲನ್ನು ನಾನಾ ಬಗೆಯಲ್ಲಿ ಹಾಡುವ ರಾಗ ತಾನ ಪಲ್ಲವಿಯನ್ನು ಕಛೇರಿಯಲ್ಲಿ ಕೇಳಿ ತಲೆ ಆಡಿಸುವುದು ಬೇರೆ, ತಾನೇ ಹಾಡುವುದು ಬೇರೆ. ಕೈಯಲ್ಲಿ ತಾಳ ಹಾಗೇ ನಡೆಯುತ್ತಿರಬೇಕು, ಬಾಯಲ್ಲಿ ಅದೇ ಸಾಲು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ವೇಗ ಏರಬೇಕು, ನಡುವೆ ಮೂರರ ಲೆಕ್ಕದ ತಿಶ್ರ, ಮತ್ತೆ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ ಸರಿಯಾಗಿ ಬಂದು ಇಳಿಯಬೇಕು, ಅದೂ ಸಹಪಾಠಿಗಳು ಎದುರಿಗೆ ಕೂತು ತಾಳ ಹಾಕುತ್ತಿರುವಾಗ. ಗುರುಗಳ ಎದುರು ತಪ್ಪಿದರೆ ಬೈಸಿಕೊಳ್ಳುತ್ತೇವೆ, ಮರೆಯುತ್ತೇವೆ. ವಾರಿಗೆಯವರ ಎದುರು ತಪ್ಪಿದರೆ ರಾತ್ರಿ ಕೂತು ಸರಿಮಾಡಿಕೊಂಡೇ ಮಲಗುತ್ತೇವೆ. ಈ ಸ್ಪರ್ಧೆ ಮನೆಪಾಠದಲ್ಲಿ ಸಿಗುವುದಿಲ್ಲ. ಜೊತೆಗೆ ವೀಣೆಯವರು, ಪಿಟೀಲಿನವರು, ಮೃದಂಗದವರು ಎಲ್ಲಾ ಒಂದೇ ಕಟ್ಟಡದಲ್ಲಿ. ಮುಂದೆ ನಿನಗೆ ಪಕ್ಕವಾದ್ಯಕ್ಕೆ ಬರುವವರು ಅಲ್ಲೇ ಸಿಗುತ್ತಾರೆ.

ಭಾವ, ನಿಮ್ಮ ಪ್ರಶ್ನೆ. ವಿದ್ವತ್ ಸಂಗೀತದ ಪರೀಕ್ಷೆ, ಅದಕ್ಕೆ ಗೌರವ ಇದೆ, ಆದರೆ ಕಾಲೇಜಿನ ಕೆಲಸಕ್ಕೆ ಅದು ಸ್ನಾತಕೋತ್ತರ ಪದವಿ ಅಂತ ಲೆಕ್ಕಕ್ಕೆ ಬರುವುದಿಲ್ಲ. ಸಹಾಯಕ ಪ್ರಾಧ್ಯಾಪಕಿ ಆಗಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಬೇಕು, ಜೊತೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನೆಟ್ ಪರೀಕ್ಷೆ ಅಥವಾ ಅಂಥದ್ದೇ ಅರ್ಹತೆ. ನೆಟ್‌ನಲ್ಲಿ ಸಂಗೀತವೂ ಒಂದು ವಿಷಯ. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ, ಅದಕ್ಕೆ ಪುಟ್ಟಿ ಈಗಿನಿಂದಲೇ ಶಾಸ್ತ್ರವನ್ನು ಇಂಗ್ಲಿಷಿನಲ್ಲೂ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಅದರಲ್ಲಿ ಜೆ.ಆರ್.ಎಫ್. ಅನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ಪಿಎಚ್.ಡಿ. ಮಾಡುವಾಗ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, 2023ರಿಂದ ಇದೇ ದರ. ಅದಕ್ಕೆ ವಯಸ್ಸಿನ ಮಿತಿ ಇದೆ, ಆದರೆ ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆಯೂ ಇದೆ. ಎಂ.ಎ. ಇಲ್ಲದವರಿಗೂ ಯುಜಿಸಿ ಒಂದು ಬಾಗಿಲು ಬಿಟ್ಟಿದೆ. ಯಾವುದಾದರೂ ಪದವಿ ಇದ್ದು, ಹೆಸರಾಂತ ಗುರುಗಳ ಹತ್ತಿರ ಕಲಿತು, ಆಕಾಶವಾಣಿಯಲ್ಲಿ ಎ ಗ್ರೇಡ್ ಕಲಾವಿದರಾಗಿದ್ದರೆ ಅವರನ್ನೂ ಪರಿಗಣಿಸುತ್ತಾರೆ. ಆದರೆ ಬಿ, ಬಿ ಹೈ ದಾಟಿ ಎ ತಲುಪುವುದು ಎರಡು ವರ್ಷದ ಮಾತಲ್ಲ. ಅದಕ್ಕೆ ಎರಡು ದಾರಿಯನ್ನೂ ತೆರೆದಿಡಿ ಅನ್ನುತ್ತೇನೆ.

ಸುಳ್ಳು ಆಸೆ ಹುಟ್ಟಿಸುವುದು ಬೇಡ, ಇದನ್ನೂ ಕೇಳಿಸಿಕೊಳ್ಳಿ. ನಮ್ಮಲ್ಲಿ ಡಿಗ್ರಿ ಕಾಲೇಜುಗಳಲ್ಲಿ ಸಂಗೀತದ ಕಾಯಂ ಹುದ್ದೆಗಳು ಬಹಳ ಕಡಿಮೆ. ಜಾಸ್ತಿ ಜನ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಟ್ಟಲೆ ಇರುತ್ತಾರೆ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಸಂಗೀತದ ಮೇಡಂ ಅಂದರೆ ಮುಖ್ಯ ಅತಿಥಿ ಬಂದಾಗ ಪ್ರಾರ್ಥನೆ ಹಾಡಿಸುವವಳು ಅಂತಲೇ ತಿಳಿದಿದ್ದರು. ಸಂಬಳ ಬರುವಾಗ ಮೂರು ತಿಂಗಳದ್ದು ಒಟ್ಟಿಗೆ ಬರುತ್ತಿತ್ತು. ಕೇಂದ್ರೀಯ ವಿದ್ಯಾಲಯದಲ್ಲಿ ಪ್ರೈಮರಿಗೆ ಸಂಗೀತ ಶಿಕ್ಷಕರ ಹುದ್ದೆ ಇದೆ, ಒಳ್ಳೆಯ ಕೆಲಸ, ಆದರೆ ಅಲ್ಲಿ ಕೇಳುವುದು ಸಂಗೀತದಲ್ಲಿ ಬ್ಯಾಚುಲರ್ ಪದವಿ ಅಥವಾ ಅದಕ್ಕೆ ಸಮನಾದದ್ದು. ಪುಟ್ಟಿಯದು ಬಿ.ಕಾಂ., ಅದಕ್ಕೆ ಅಲ್ಲಿಗೆ ಅರ್ಜಿ ಹಾಕುವ ಮುನ್ನ ಎಂ.ಎ. ನಡೆಯುತ್ತದಾ ಅಂತ ಆ ವರ್ಷದ ಅಧಿಸೂಚನೆಯನ್ನೇ ಓದಿ ನೋಡಬೇಕು. ನನ್ನ ಮನೆ ನಡೆಯುತ್ತಿರುವುದು ಈಗ ಆನ್‌ಲೈನ್ ಪಾಠದಿಂದ. ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಆರು ಅಂದರೆ ಬೇಸಿಗೆಯಲ್ಲಿ ನಮಗೆ ಬೆಳಗ್ಗೆ ಆರೂವರೆ. ಅಲ್ಲಿಯ ಕನ್ನಡದ ಮಕ್ಕಳು ಸರಳೆ, ಜಂಟಿವರಸೆಯಂಥ ಮೊದಲ ಪಾಠ ಹಾಡುವಾಗ ನಮ್ಮ ಬೀದಿಯಲ್ಲಿ ಇನ್ನೂ ಹಾಲಿನವನು ಬಂದಿರುವುದಿಲ್ಲ. ಆ ತಂದೆತಾಯಿಯರು ಮೊದಲು ಕೇಳುವುದು ಏನು ಓದಿದ್ದೀರಿ ಅಂತ. ಹಾಡು ಹೇಗಿದೆ ಅಂತ ಆಮೇಲೆ. ಬೇಜಾರಾಗುತ್ತದೆ, ಆದರೆ ಇರುವುದು ಹಾಗೇ, ಅಲ್ಲೂ ಆ ಕಾಗದ ಕೆಲಸಕ್ಕೆ ಬರುತ್ತದೆ.

ಈಗ ಊರು. ಚೆನ್ನೈ ದೊಡ್ಡದು, ಮದರಾಸು ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ಶುರುವಾಗಿದ್ದು 1932ರಲ್ಲೇ, ಡಿಸೆಂಬರಿನಲ್ಲಿ ಅಲ್ಲಿ ಕೇಳುವಷ್ಟು ಸಂಗೀತ ಬೇರೆಲ್ಲೂ ಸಿಗುವುದಿಲ್ಲ. ಆದರೆ ನಿನಗೆ ಅಲ್ಲಿ ಗುರುಗಳು ಗೊತ್ತಿಲ್ಲ, ಬರೀ ಆ ಡಿಸೆಂಬರ್ ಸೀಸನ್ ಕೇಳುವುದಕ್ಕಾದರೆ ಹತ್ತು ದಿನ ಹೋಗಿ ಬಂದರೆ ಸಾಕು. ಬೆಂಗಳೂರಿನಲ್ಲಿ ಗಾಯನ ಸಮಾಜ ಇದೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿವೆ, ಆದರೆ ಅಲ್ಲಿ ಗುರುಗಳ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಹಾಸ್ಟೆಲಿಗೆ ಓಡಾಡುವುದರಲ್ಲೇ ಗಂಟಲು ಒಣಗುತ್ತದೆ. ನಿನ್ನ ಶಿವಮೊಗ್ಗದ ಗುರುಗಳು ತಾವೇ ಮೈಸೂರಿನ ಒಬ್ಬರ ಹೆಸರು ಹೇಳಿದ್ದಾರೆ ಅಂತ ಅಕ್ಕ ಹೋದ ತಿಂಗಳು ಹೇಳಿದಳು. ಮತ್ತೆ ಯೋಚನೆ ಯಾಕೆ? ಮೈಸೂರಿನಲ್ಲಿ ಸೈಕಲ್ಲಿನಲ್ಲೇ ಎಲ್ಲಾ ಆಗುತ್ತದೆ. ಕಛೇರಿ ಕೇಳಲು ಗಣಪತಿ ಹಬ್ಬಕ್ಕೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್, ದಸರೆಗೆ ಅರಮನೆ, ಉಳಿದ ದಿನ ಗಾನಭಾರತಿ ಸಂಸ್ಥೆಯ ವೀಣೆ ಶೇಷಣ್ಣ ಭವನ. ಹಳೆಯ ಕಾಲದ ದೊಡ್ಡ ಗಾಯಕರು ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವನ್ನೂ ಒಮ್ಮೆ ನೋಡಿಕೊಂಡು ಬಾ. ಕೇಳುವುದೂ ಪಾಠವೇ, ಅಟೆಂಡೆನ್ಸ್ ಮಾತ್ರ ಇಲ್ಲ.

ಮೊದಲು ಆ ಗುರುಗಳ ಹತ್ತಿರ ಹೋಗಿ ಹಾಡಿ ತೋರಿಸು. ಅವರು ಒಪ್ಪಿದರೆ ಅರ್ಜಿ ಹಾಕು. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜನ್ನೂ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವನ್ನೂ ಎರಡನ್ನೂ ವಿಚಾರಿಸು. ಕೆಲವು ಕಡೆ ಬಿ.ಎ.ಯಲ್ಲಿ ಸಂಗೀತ ಓದಿರಬೇಕು ಅನ್ನುತ್ತಾರೆ, ಕೆಲವು ಕಡೆ ಯಾವುದೇ ಪದವಿಯ ಜೊತೆ ಸಂಗೀತದ ಸೀನಿಯರ್ ಅಥವಾ ವಿದ್ವತ್ ಪರೀಕ್ಷೆ ಆಗಿದ್ದರೆ ನಡೆಯುತ್ತದೆ, ಹಾಡಿಸಿಯೂ ನೋಡುತ್ತಾರೆ. ಫೋನಿನಲ್ಲಿ ಕೇಳಬೇಡ, ಖುದ್ದಾಗಿ ಅಂಕಪಟ್ಟಿ ಹಿಡಿದುಕೊಂಡು ಹೋಗು. ಇನ್ನೊಂದು, ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ, 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದಕ್ಕೂ ಹಾಕು.

ಕಿರು ಪ್ರಬಂಧ ಬರೆಯಬೇಕಾಗಿ ಬಂದಾಗ ಎಲ್ಲರೂ ಜಯಚಾಮರಾಜೇಂದ್ರ ಒಡೆಯರ 94 ಕೃತಿಗಳ ಮೇಲೆ ಬೀಳುತ್ತಾರೆ. ಒಳ್ಳೆಯ ಕೃತಿಗಳೇ, ಆದರೆ ಅದರ ಮೇಲೆ ಬರೆದವರು ಈಗಾಗಲೇ ಬೇಕಾದಷ್ಟಿದ್ದಾರೆ. ಅದರ ಬದಲು ನಮ್ಮ ಅಮ್ಮ ಮದುವೆಯಲ್ಲಿ ಹೇಳುವ ಹಸೆಗೆ ಕರೆಯುವ ಹಾಡು, ಆರತಿ ಹಾಡು ಇವುಗಳನ್ನು ಈಗಲೇ ರೆಕಾರ್ಡ್ ಮಾಡಿ ಸ್ವರಪ್ರಸ್ತಾರ ಹಾಕಲು, ಅಂದರೆ ಸ್ವರದಲ್ಲಿ ಬರೆದಿಡಲು ಶುರು ಮಾಡು ಪುಟ್ಟಿ. ಕೆಲವು ಹಾಡಿನ ಧಾಟಿ ಯಾವ ರಾಗಕ್ಕೂ ನೆಟ್ಟಗೆ ಕೂರುವುದಿಲ್ಲ, ಬರೆಯಲು ಕೂತಾಗ ಗೊತ್ತಾಗುತ್ತದೆ. ಅಮ್ಮನಿಗೆ ಬೆಳಗ್ಗೆ ತಿಂಡಿ ಆದ ಮೇಲೆ ಗಂಟಲು ಚೆನ್ನಾಗಿರುತ್ತದೆ, ಸಂಜೆ ಕೇಳಬೇಡ, ಧಾರಾವಾಹಿ ಸಮಯ, ಬೈಸಿಕೊಳ್ಳುತ್ತೀಯ.

ಭಾವ, ಹಾಸ್ಟೆಲ್ ಖರ್ಚಿನ ವಿಷಯ ಇಲ್ಲಿ ಬೇಡ, ಭಾನುವಾರ ನಾನೇ ಫೋನ್ ಮಾಡುತ್ತೇನೆ. ಅಕ್ಕ, ಹಳೆಯ ಶ್ರುತಿಪೆಟ್ಟಿಗೆ ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಪುಟ್ಟಿಗೆ ಬೇಕಾದರೆ ರಿಪೇರಿ ಮಾಡಿಸಿ ಕಳಿಸುತ್ತೇನೆ. ಅಣ್ಣ, ನೀನು ಪೂರ್ತಿ ಓದದೆ ಹೆಬ್ಬೆಟ್ಟು ಒತ್ತಬೇಡ, ನನಗೆ ಗೊತ್ತಾಗುತ್ತದೆ.