ಶ್ರೀರಂಗಪಟ್ಟಣದಲ್ಲಿ ನಾಯಿ ಕರೆದುಕೊಂಡು ಓಡಾಡೋಕೆ ಎಲ್ಲಿ ಚೆನ್ನಾಗಿದೆ? ನದಿಗೆ ಇಳಿಸಬಹುದಾ?

ಗಂಜಾಂ ಹೊಸಬ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಗಂಜಾಂಗೆ ಬಂದಿದ್ದೇವೆ. ಜೊತೆಗೆ ಮೂರು ವರ್ಷದ ಲ್ಯಾಬ್ರಡಾರ್ ಇದೆ, ಹೆಸರು ಬೆಲ್ಲ. ಅಪಾರ್ಟ್‌ಮೆಂಟ್ ಕಾಂಪೌಂಡನ್ನೇ ಸುತ್ತಿ ಬೆಳೆದ ನಾಯಿ, ಈಗ ಸುತ್ತ ಗದ್ದೆ, ತೋಟ, ನದಿ ನೋಡಿ ತಲೆ ಕೆಟ್ಟಂತಾಗಿದೆ. ಬೆಳಗ್ಗೆ ಐದಕ್ಕೇ ಚೈನ್ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ.

ದರಿಯಾ ದೌಲತ್ ತೋಟ ಇಷ್ಟು ದೊಡ್ಡದಿದೆ, ಒಂದು ರೌಂಡ್ ಹಾಕೋಣ ಅಂತ ಹೋದರೆ ಗೇಟಿನಲ್ಲೇ ತಡೆದರು. ಭಾನುವಾರ ಸಂಗಮಕ್ಕೆ ಹೋದೆ, ಕಾಲಿಡೋಕೆ ಜಾಗ ಇರಲಿಲ್ಲ. ಈಗ ಮನೆ ಮುಂದಿನ ಬೀದಿಯಲ್ಲೇ ಸುಮ್ನೆ ಹೋಗಿ ಬರುತ್ತಿದ್ದೇನೆ, ಅಲ್ಲೂ ಬೀದಿನಾಯಿಗಳ ಕಾಟ. ಇನ್ನೊಂದು ವಿಷಯ, ಲ್ಯಾಬ್ ನೀರು ಕಂಡರೆ ನಿಲ್ಲೋದಿಲ್ಲ. ಪಕ್ಕದ ಮನೆಯವರು ನದಿಯಲ್ಲಿ ಮೊಸಳೆ ಇದೆ ಅನ್ನುತ್ತಾರೆ, ಎದುರು ಮನೆಯವರು ಅದೆಲ್ಲ ರಂಗನತಿಟ್ಟಿನಲ್ಲಿ ಮಾತ್ರ ಅನ್ನುತ್ತಾರೆ. ಯಾರನ್ನು ನಂಬಲಿ? ಶನಿವಾರ ಭಾನುವಾರ ಹೋಗಿ ಬರುವಂಥ ಜಾಗಗಳಿದ್ದರೆ ಅದನ್ನೂ ಹೇಳಿ.

ಕೋಟೆ ಬೀದಿ

ಪಕ್ಕದ ಮನೆಯವರನ್ನು ನಂಬಿ. ಮೊಸಳೆಗೆ ರಂಗನತಿಟ್ಟಿನ ಗಡಿ ಗೊತ್ತಿಲ್ಲ. ಪಕ್ಷಿಧಾಮ ಇರೋದು ನಮ್ಮೂರಿಗೆ ಸ್ವಲ್ಪ ಮೇಲೆ, ಅದೇ ನೀರು ಅಲ್ವಾ ಕೆಳಗೆ ಬರೋದು. ಚಳಿಗಾಲದ ಬೆಳಗ್ಗೆ ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಯಿಂದ ತೊಂದರೆ ಇಲ್ಲ, ಅದು ಕಣ್ಣಿಗೆ ಕಾಣುತ್ತದೆ. ತೊಂದರೆ ಇರೋದು ದಡದ ಹತ್ತಿರ ನೀರೊಳಗೆ ಅಲ್ಲಾಡದೆ ಮಲಗಿರುವುದರಿಂದ. ನಾಯಿ ನೀರು ಕುಡಿಯೋಕೆ ತಲೆ ಬಗ್ಗಿಸುವ ಜಾಗವೇ ಅದಕ್ಕೆ ಬೇಕಾದ ಜಾಗ.

ಅದಕ್ಕಿಂತ ದೊಡ್ಡ ಕಾರಣ ಕೆಆರ್‌ಎಸ್. ಮುಂಗಾರಿನಲ್ಲಿ ಅಣೆಕಟ್ಟೆ 124.80 ಅಡಿ ತುಂಬುತ್ತಾ ಬಂದಾಗ ನೀರು ಬಿಡುತ್ತಾರೆ. ಇಲ್ಲಿ ಮಳೆಯೇ ಇರೋದಿಲ್ಲ, ಬಿಸಿಲು ಕಾಯುತ್ತಿರುತ್ತದೆ, ಕೊಡಗಿನಲ್ಲಿ ಸುರಿದದ್ದು ನಮ್ಮ ಮೆಟ್ಟಿಲಿಗೆ ಬಂದು ನಿಂತಿರುತ್ತದೆ. ಜೋರು ವರ್ಷಗಳಲ್ಲಿ 1804ರಲ್ಲಿ ಕಟ್ಟಿದ ಆ ಕಲ್ಲಿನ ವೆಲ್ಲೆಸ್ಲಿ ಸೇತುವೆಗೇ ಜನರನ್ನು ಬಿಡೋದಿಲ್ಲ. ಬೇಸಿಗೆಯಲ್ಲೂ ನೀರು ಕಮ್ಮಿ ಇದೆ ಅಂತ ಧೈರ್ಯ ಮಾಡಬೇಡಿ, ಬಂಡೆಗಳ ನಡುವೆ ಗುಂಡಿಗಳಿವೆ, ಸುಳಿ ಇದೆ. ಸಂಗಮದಲ್ಲಿ ಈಜು ಬರುವವರೇ ಹೋಗಿದ್ದಾರೆ.

ದರಿಯಾ ದೌಲತ್ ಬಗ್ಗೆ: ಕಾವಲುಗಾರರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅದು ಪುರಾತತ್ವ ಇಲಾಖೆಯ ಸ್ಮಾರಕ, 1959ರ ನಿಯಮದ ಪ್ರಕಾರ ಒಳಗೆ ಪ್ರಾಣಿ ತರುವ ಹಾಗಿಲ್ಲ. ಗುಂಬಜ್‌ಗೂ ಅದೇ. ಕೋಟೆ ಗೋಡೆ ಹತ್ತಿರ ಯಾರೂ ಗೇಟ್ ಹಾಕಿಕೊಂಡು ಕೂತಿಲ್ಲ, ಆದರೂ ಕಂದಕದ ಪೊದೆಗಳಿಗೆ ನಾಯಿ ಮೂಗು ತೂರಿಸೋದು ಬೇಡ. ಅಲ್ಲಿ ಕೊಳಕುಮಂಡಲ, ನಾಗರ ಎರಡೂ ಇವೆ.

ಹಾಗಾದರೆ ಎಲ್ಲಿ ಹೋಗಬೇಕು? ನಿಮ್ಮ ಮನೆಯಿಂದಲೇ ಚೆನ್ನಾಗಿರುವ ದಾರಿ ಇದೆ. ಗಂಜಾಂನಿಂದ ಗುಂಬಜ್ ದಾಟಿ ಸಂಗಮದ ಕಡೆ ಹೋಗುವ ರಸ್ತೆ. ಬೆಳಗ್ಗೆ ಆರಕ್ಕೆ ಹೊರಟು ಏಳೂವರೆಗೆ ವಾಪಸ್ ಬನ್ನಿ. ಟೂರಿಸ್ಟ್ ಬಸ್ಸುಗಳು ಬರೋದು ಆಮೇಲೆ. ಸಂಗಮದ ಮೆಟ್ಟಿಲಿನವರೆಗೆ ಹೋಗದೆ ಸ್ವಲ್ಪ ಮುಂಚೆಯೇ ತಿರುಗಿ. ಯಾಕೆ ಅಂದರೆ ಅಲ್ಲಿ ಅಸ್ಥಿ ಬಿಡುವವರು, ತಿಥಿ ಮಾಡುವವರು ಬರುತ್ತಾರೆ. ಎಳ್ಳು ಕಲಸಿದ ಪಿಂಡದ ಅನ್ನ ಎಲೆಯಲ್ಲಿರುತ್ತದೆ, ಕಾಗೆಗೆ ಅಂತ ಇಟ್ಟದ್ದನ್ನು ನಿಮ್ಮ ಬೆಲ್ಲ ಒಂದೇ ಬಾಯಿಗೆ ಮುಗಿಸಿದರೆ ಆ ಮನೆಯವರಿಗೆ ಹೇಗಾಗಬೇಡ! ಪಶ್ಚಿಮವಾಹಿನಿಯಲ್ಲೂ ಇದೇ ಕಥೆ. ಆ ಕಡೆ ನಾಯಿ ಕರೆದುಕೊಂಡು ಹೋಗಲೇಬೇಡಿ ಅಂತ ನನ್ನ ಅಭಿಪ್ರಾಯ, ನಿಯಮ ಇರಲಿ ಬಿಡಲಿ.

ಬೀದಿನಾಯಿಗಳಿಗೆ ಕಲ್ಲೆತ್ತಿದ ಹಾಗೆ ಬಗ್ಗಿದರೆ ಹಿಂದೆ ಹೋಗುತ್ತವೆ. ದಿನಾ ಅದನ್ನೇ ಮಾಡಿದರೆ ನಿಮ್ಮನ್ನೇ ಶತ್ರು ಅಂತ ಇಟ್ಟುಕೊಳ್ಳುತ್ತವೆ. ಮೊದಲ ಕೆಲವು ದಿನ ಬೆಲ್ಲನನ್ನು ಬಿಟ್ಟು ನೀವೊಬ್ಬರೇ ಹೋಗಿ ಒಂದೊಂದು ಬಿಸ್ಕೆಟ್ ಹಾಕಿ ಪರಿಚಯ ಮಾಡಿಕೊಳ್ಳಿ. ಆಮೇಲೆ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಾಯಿ ಜೊತೆ ಹೋಗಿ. ಅವುಗಳಿಗೆ ಟೈಂ ಟೇಬಲ್ ಗೊತ್ತಾದರೆ ಗಲಾಟೆ ಕಮ್ಮಿ.

ಹರಿಗೋಲು

ಇಷ್ಟೊಂದು ಹೆದರಿಸಬೇಡಿ ಸ್ವಾಮಿ. ಚಿಕ್ಕಂದಿನಿಂದ ನಮ್ಮ ಮನೆ ನಾಯಿಗಳು ಇದೇ ನದಿಯಲ್ಲಿ ಈಜಿವೆ. ಒಂದಕ್ಕೂ ಏನೂ ಆಗಿಲ್ಲ. ಲ್ಯಾಬ್ರಡಾರ್ ತಂದು ನೀರಿಗೆ ಬಿಡಬೇಡಿ ಅಂದರೆ ಆ ನಾಯಿಗೆ ಎಂಥ ಶಿಕ್ಷೆ.

ಕಬ್ಬಿನ ಗದ್ದೆ

ಹರಿಗೋಲು ಅವರೇ, ನಿಮ್ಮ ಮನೆ ನಾಯಿ ಇಲ್ಲೇ ಹುಟ್ಟಿದ್ದು, ಎಲ್ಲಿ ಆಳ ಎಲ್ಲಿ ಮೇಲೆ ಅಂತ ಅದಕ್ಕೆ ಗೊತ್ತು. ಇವರದ್ದು ಲಿಫ್ಟಿನಲ್ಲಿ ಓಡಾಡಿದ ನಾಯಿ. ಎರಡೂ ಒಂದೇ ಅಂದರೆ ಹೇಗೆ?

ನಾನು ಕಿರಂಗೂರು ಕಡೆಯವನು. ಗದ್ದೆ ಕಡೆ ನಾಯಿ ತರುವವರಿಗೆ ನನ್ನದೊಂದು ನಾಲ್ಕು ಮಾತು. ಮೊದಲನೇದು ಚಿರತೆ. ಕಬ್ಬಿನ ಗದ್ದೆ ಅದಕ್ಕೆ ಮನೆ ಇದ್ದ ಹಾಗೆ. ಕಟಾವು ಮಾಡುವಾಗ ಮರಿಗಳು ಸಿಕ್ಕಿ ಕೂಲಿಯವರು ಕುಡುಗೋಲು ಬಿಟ್ಟು ಓಡೋದು ಮಂಡ್ಯ ಜಿಲ್ಲೆಯಲ್ಲಿ ಹೊಸದಲ್ಲ. ಚಿರತೆಗೆ ಸುಲಭದ ಊಟ ಅಂದರೆ ನಾಯಿಯೇ. ಹಾಗಾಗಿ ಕರಿಘಟ್ಟದ ಸುತ್ತ, ಲೋಕಪಾವನಿ ಪಕ್ಕದ ಗದ್ದೆ ದಾರಿಯಲ್ಲಿ ಸಂಜೆ ಕತ್ತಲಾದ ಮೇಲೆ ಬೇಡ. ಬೆಳಗ್ಗೆಯೂ ಪೂರ್ತಿ ಬೆಳಕು ಹರಿದ ಮೇಲೆಯೇ ಬನ್ನಿ. ರಾತ್ರಿ ನಾಯಿಯನ್ನು ಹೊರಗೆ ಕಟ್ಟಬೇಡಿ. ಕಟ್ಟಿ ಹಾಕಿದ ನಾಯಿಗೆ ಓಡೋಕೂ ಆಗೋದಿಲ್ಲ.

ಎರಡನೇದು, ಇದನ್ನು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಕಾಡುಹಂದಿ ಕಾಟಕ್ಕೆ ಕೆಲವರು ಬದುವಿನಲ್ಲಿ ಉರುಲು ಹಾಕುತ್ತಾರೆ, ಇನ್ನು ಕೆಲವರು ಕರೆಂಟ್ ವೈರ್ ಎಳೆಯುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ಮಾಡುತ್ತಾರೆ. ಚೈನ್ ಬಿಚ್ಚಿದ ನಾಯಿ ನವಿಲು ಅಟ್ಟಿಕೊಂಡು ಬೇರೆಯವರ ಗದ್ದೆಗೆ ನುಗ್ಗಿದರೆ ಬೆಳೆಯೂ ಹೋಯಿತು, ನಾಯಿಯೂ ಹೋಯಿತು. ಗಾಡಿ ದಾರಿ ಬಿಟ್ಟು ಇಳಿಯಬೇಡಿ. ಔಷಧಿ ಹೊಡೆದ ಭತ್ತದ ಗದ್ದೆಯ ನೀರು ಕುಡಿಯೋಕೆ ಬಿಡಬೇಡಿ, ಮನೆಯಿಂದ ಬಾಟಲಿಯಲ್ಲಿ ನೀರು ತನ್ನಿ.

ಮೂರನೇದು ನಾಲೆ. ನದಿ ಬೇಡ ಅಂದಾಗ ಎಲ್ಲರೂ ಹೋಗೋದು ನಾಲೆ ಏರಿಗೆ. ನೋಡೋಕೆ ಚೆಂದ, ನೆಟ್ಟಗೆ ದಾರಿ, ಎರಡೂ ಕಡೆ ಹಸಿರು. ಆದರೆ ಕಾಂಕ್ರೀಟ್ ಹಾಕಿದ ನಾಲೆಯ ಇಳಿಜಾರು ಗಮನಿಸಿ. ನೀರಿನ ಮಟ್ಟದಲ್ಲಿ ಪಾಚಿ ಕಟ್ಟಿರುತ್ತದೆ. ನಾಯಿ ಒಳಗೆ ಬಿದ್ದರೆ ಈಜಿಕೊಂಡು ಅಂಚಿಗೆ ಬರುತ್ತದೆ, ಮುಂಗಾಲು ಊರುತ್ತದೆ, ಜಾರುತ್ತದೆ, ಮತ್ತೆ ಊರುತ್ತದೆ, ಉಗುರಿಗೆ ಹಿಡಿತವೇ ಸಿಗೋದಿಲ್ಲ. ನೀರು ಅದನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ನೋಡುತ್ತಾ ನಿಂತ ಮನುಷ್ಯ ಹಿಂದೆ ಹಾರುತ್ತಾನೆ, ಅವನೂ ಹತ್ತಲಾರ. ವಿಸಿ (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹೋಗುವುದಾದರೆ ಚೈನ್ ಕೈಗೆ ಸುತ್ತಿಕೊಂಡು, ನಾಯಿ ಹೊಲದ ಕಡೆಗೆ, ನೀವು ನೀರಿನ ಕಡೆಗೆ.

ಇಷ್ಟೆಲ್ಲ ಹೇಳಿ ಓಡಿಸಿಬಿಟ್ಟೆ ಅಂದುಕೊಳ್ಳಬೇಡಿ, ಒಂದು ಒಳ್ಳೇದೂ ಹೇಳುತ್ತೇನೆ. ಕಬ್ಬು ಅರೆಯುವ ಕಾಲದಲ್ಲಿ ಯಾವುದಾದರೂ ಆಲೆಮನೆಗೆ ಕರೆದುಕೊಂಡು ಬನ್ನಿ. ಕೊಪ್ಪರಿಗೆಯ ಒಲೆಯಿಂದ ದೂರ, ಒಣಗೋಕೆ ಹಾಕಿದ ಸಿಪ್ಪೆ ರಾಶಿ ಹತ್ತಿರ ಕೂರಿಸಿ. ಆ ವಾಸನೆಗೆ ನಾಯಿಗಳು ಮೂಗು ಮೇಲೆತ್ತಿ ಕೂತರೆ ಏಳೋದಿಲ್ಲ. ನೊರೆ ನೆಕ್ಕಿಸಬೇಡಿ, ಅಷ್ಟೇ. ಹೆಸರೇ ಬೆಲ್ಲ ಅಂತ ಇಟ್ಟುಕೊಂಡು ಆಲೆಮನೆ ತೋರಿಸದಿದ್ದರೆ ಹೇಗೆ?

ಉಣ್ಣೆ ಡಾಕ್ಟ್ರಮ್ಮ

ಹೆಸರು ನೋಡಿ ಮೋಸ ಹೋಗಬೇಡಿ, ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಒಂದು ಮುಧೋಳ, ಎರಡು ಬೀದಿಯಿಂದ ಬಂದವು. ಅವುಗಳ ಮೈಗೆ ಕಚ್ಚಿಕೊಂಡ ಉಣ್ಣೆ ಹುಳ ತೆಗೆದು ತೆಗೆದು ಈ ಹೆಸರು ಬಂತು.

ಹುಲ್ಲಲ್ಲಿ ಓಡಾಡಿಸುವ ಪ್ರತಿ ನಾಯಿಗೂ ಮನೆಗೆ ಬಂದ ಕೂಡಲೇ ಕಿವಿಯ ಒಳಮಡಿಕೆ, ಬೆರಳುಗಳ ಸಂದಿ, ಕಾಲರ್ ಕೆಳಗೆ, ಬಾಲದ ಬುಡ ನೋಡಬೇಕು. ಕಾಳಿನಷ್ಟು ಗಾತ್ರದ ಬೂದು ಉಣ್ಣೆ ಎಲ್ಲರಿಗೂ ಕಾಣುತ್ತದೆ. ಎಳ್ಳಿನಷ್ಟು ಇರುವ ಮರಿಯನ್ನು ಬೆರಳಲ್ಲಿ ಸವರಿಯೇ ಹುಡುಕಬೇಕು. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ ಹಚ್ಚೋದು, ಬೆಂಕಿಕಡ್ಡಿ ತಾಗಿಸೋದು ಬೇಡ. ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ ಅದು ಉಣ್ಣೆ ಜ್ವರ ಇರಬಹುದು. ಅವತ್ತೇ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ನಾಳೆ ನೋಡೋಣ ಅನ್ನಬೇಡಿ.

ಇಲಿಜ್ವರದ ಲಸಿಕೆ ಹಾಕಿಸಿದ್ದೀರಾ ಅಂತ ಕಾರ್ಡ್ ನೋಡಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಯಾರೂ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳೋದಿಲ್ಲ. ಇಲ್ಲಿ ಗದ್ದೆ ಕೆಸರು, ನಿಂತ ನೀರು, ಹೆಗ್ಗಣ ಎಲ್ಲ ಒಂದೇ ಕಡೆ. ಅದು ನಾಯಿಯಿಂದ ನಮಗೂ ಬರುತ್ತದೆ. ರೇಬೀಸ್ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಬೀದಿನಾಯಿ ನಿಮಗೇ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ.

ಬೇಸಿಗೆಗೆ ಒಂದು ಮಾತು. ಟಾರ್ ರಸ್ತೆ ಮೇಲೆ ನಿಮ್ಮ ಅಂಗೈ ಹಿಂಭಾಗ ಐದು ಸೆಕೆಂಡ್ ಇಡಿ. ಇಡೋಕಾಗದಿದ್ದರೆ ನಾಯಿಗೂ ಆಗೋದಿಲ್ಲ.

ಮತ್ತೆ ಹರಿಗೋಲು ಅವರ ಮಾತಿಗೆ: ನೀರು ಬೇಕೇ ಬೇಕು ಅಂದರೆ ಅಂಗಳದಲ್ಲಿ ಮಕ್ಕಳ ಪ್ಲಾಸ್ಟಿಕ್ ತೊಟ್ಟಿ ಇಟ್ಟು ತುಂಬಿಸಿ. ನಾಯಿಗೆ ವಾಕ್ ಅಂದರೆ ಮುಖ್ಯವಾಗಿ ಮೂಸೋದು. ಒಂದು ಬೇವಿನ ಮರದ ಬುಡ ಹತ್ತು ನಿಮಿಷ ಮೂಸೋಕೆ ಬಿಟ್ಟು ನೋಡಿ, ಎಳೆದುಕೊಂಡು ಮೈಲಿಗಟ್ಟಲೆ ನಡೆಸಿದ್ದಕ್ಕಿಂತ ಚೆನ್ನಾಗಿ ನಿದ್ದೆ ಮಾಡುತ್ತದೆ. ನಾವು ನದಿ ನೋಡೋಕೆ ಹೋಗುತ್ತೇವೆ, ಅದಕ್ಕೆ ನದಿ ನೋಡಿ ಆಗಬೇಕಾದ್ದೇನೂ ಇಲ್ಲ.

ಗಂಜಾಂ ಹೊಸಬ

ತುಂಬ ಥ್ಯಾಂಕ್ಸ್. ನದಿ ಆಸೆ ಬಿಟ್ಟೆ. ಲಸಿಕೆ ಕಾರ್ಡ್ ತೆಗೆದು ನೋಡಿದೆ, ಇಲಿಜ್ವರದ್ದು ಹಾಕಿಸಿದ್ದಾರೆ. ಈಗ ವೀಕೆಂಡ್ ಬಗ್ಗೆ ಯಾರಾದರೂ ಹೇಳಿ. ಬಾಲಮುರಿ, ಬೃಂದಾವನ, ಕರಿಘಟ್ಟ ಇದರಲ್ಲಿ ಯಾವುದು ಆಗಬಹುದು? ಕಾರ್ ಇಲ್ಲ, ಬಸ್ಸಲ್ಲಿ ನಾಯಿ ಹತ್ತಿಸುತ್ತಾರಾ?

ಮೈಸೂರು ಸೈಕಲ್

ಬೃಂದಾವನಕ್ಕೆ ನಾಯಿ ಬಿಡೋದಿಲ್ಲ. ರಂಗನತಿಟ್ಟಿಗೂ ಇಲ್ಲ. ಅದು 1940ರಿಂದ ಪಕ್ಷಿಧಾಮ, ಗೂಡು ಕಟ್ಟುವ ಹಕ್ಕಿಗಳ ಹತ್ತಿರ ನಾಯಿ ಹೋಗಲೂಬಾರದು. ಬಾಲಮುರಿಯಲ್ಲಿ ನೀರು ತೆಳ್ಳಗೆ ಹರಿಯುವ ಕಟ್ಟೆ ಚೆಂದವೇ, ಆದರೆ ರಜಾ ದಿನ ಕುಡಿದು ಒಡೆದ ಬಾಟಲಿ ಚೂರುಗಳು ನೀರೊಳಗೆ ಬಿದ್ದಿರುತ್ತವೆ. ನಮಗೆ ಚಪ್ಪಲಿ ಇರುತ್ತದೆ, ನಾಯಿಗೆ ಇರೋದಿಲ್ಲ.

ಕರಿಘಟ್ಟ ಹೋಗಬಹುದು. ಮೆಟ್ಟಿಲಲ್ಲಿ ಭಕ್ತರು ಹತ್ತುತ್ತಿರುತ್ತಾರೆ, ನೀವು ಗಾಡಿ ರಸ್ತೆಯಲ್ಲಿ ಹೋಗಿ. ದೇವಸ್ಥಾನಕ್ಕೆ ಮುಂಚಿನ ತಿರುವಿನಲ್ಲೇ ನಿಂತರೆ ಕಾವೇರಿ ಎರಡು ಕವಲಾಗಿ ಊರನ್ನು ಸುತ್ತೋದು ಕಾಣುತ್ತದೆ. ಚಿರತೆ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ, ಬಿಸಿಲು ಬಂದ ಮೇಲೆ ಹತ್ತಿ, ಒಬ್ಬರೇ ಹೋಗಬೇಡಿ.

ರೆಸಾರ್ಟ್, ಹೋಂಸ್ಟೇಗಳ ಬಗ್ಗೆ ಎಚ್ಚರಿಕೆ. ಈ ಕಡೆಯ ಒಂದು ಜಾಗದಲ್ಲಿ ಪೆಟ್ ಫ್ರೆಂಡ್ಲಿ ಅಂತ ಬೋರ್ಡ್ ನೋಡಿ ಬುಕ್ ಮಾಡಿದ್ದೆವು. ಹೋದ ಮೇಲೆ ನಾಯಿಯನ್ನು ಜನರೇಟರ್ ಶೆಡ್ ಪಕ್ಕ ಕಟ್ಟಿ ಅಂದರು. ರೂಮಿಗೆ ಬಿಡೋದಿಲ್ಲವಂತೆ. ಫೋನಲ್ಲೇ ಮೂರು ಪ್ರಶ್ನೆ ಕೇಳಿ: ನಾಯಿ ರೂಮಿನೊಳಗೆ ಮಲಗಬಹುದಾ, ನಿಮ್ಮದೇ ನಾಯಿಗಳು ಬಿಚ್ಚಿಕೊಂಡು ಓಡಾಡುತ್ತವಾ, ನದಿ ಕಡೆಗೆ ಬೇಲಿ ಇದೆಯಾ. ಮೂರನೇದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ.

ದೇವಸ್ಥಾನದೊಳಗೆ ನಾಯಿ ಬಿಡೋದಿಲ್ಲ ಅಂತ ಬೇಜಾರಿದ್ದರೆ ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಗೆ ಹೋಗಿ ಬನ್ನಿ, ಅಲ್ಲಿ ನಾಯಿಗೇ ಗುಡಿ ಇದೆ. ತಮಾಷೆ ಅಲ್ಲ, ಎರಡು ನಾಯಿ ವಿಗ್ರಹ ಇಟ್ಟು ಪೂಜೆ ಮಾಡುತ್ತಾರೆ. ಬೆಂಗಳೂರು ದಾರಿಯಲ್ಲೇ ಸಿಗುತ್ತದೆ.

ದಸರಾ ಹೊತ್ತಿಗೆ ಮಾತ್ರ ಬೆಲ್ಲನನ್ನು ಹೊರಗೆ ತರಬೇಡಿ. ಕಿರಂಗೂರು ಬನ್ನಿಮಂಟಪದಿಂದ ಮೆರವಣಿಗೆ ಬರುವಾಗ ಆನೆ, ಡೊಳ್ಳು, ತಮಟೆ, ಜನ. ನಾಯಿ ಬೆದರಿ ಕಾಲರ್ ಕಿತ್ತುಕೊಂಡರೆ ಹುಡುಕೋದು ಕಷ್ಟ. ಕಾಲರ್ ಮೇಲೆ ಫೋನ್ ನಂಬರ್ ಬರೆಸಿ, ಇವತ್ತೇ ಬರೆಸಿ.

ಬಸ್ ವಿಷಯ: ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಲ್ಲಿ, ಎಕ್ಸ್‌ಪ್ರೆಸ್ಸಲ್ಲಿ ಹತ್ತಿಸುತ್ತಾರೆ. ರಾಜಹಂಸ, ಎಸಿ ಬಸ್ಸಲ್ಲಿ ಇಲ್ಲ. ಮುಂಚೆ ನಾಯಿಗೂ ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧ ಮಾಡಿದರು. ಬಾಯಿಗೆ ಮಜಲ್ ಹಾಕಿ, ಚೈನ್ ಗಿಡ್ಡ ಹಿಡಿದು ಕೊನೇ ಸೀಟಿಗೆ ಹೋಗಿ. ಪಕ್ಕದವರು ಬೇಡ ಅಂದರೆ ಜಗಳ ಬೇಡ, ಮುಂದಿನ ಬಸ್ ಬರುತ್ತದೆ. ರೈಲಲ್ಲಾದರೆ ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ ಬುಕ್ ಮಾಡಬೇಕು, ಇಲ್ಲ ಬ್ರೇಕ್ ವ್ಯಾನಿನ ಪೆಟ್ಟಿಗೆ. ಅಷ್ಟು ಹತ್ತಿರದ ಮೈಸೂರಿಗೆ ಆ ಪೆಟ್ಟಿಗೆಯಲ್ಲಿ ಹಾಕೋ ಬದಲು ಆಟೋ ಮಾಡಿಕೊಳ್ಳಿ. ಹೊರಡುವ ಮುಂಚೆ ನಾಯಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಡ್ರೈವರ್ ಬೈಯುತ್ತಾರೆ.

ಹರಿಗೋಲು

ಸರಿ, ಎಲ್ಲರೂ ಸೇರಿ ನನ್ನ ಮೇಲೆ ಬಿದ್ದಿದ್ದೀರಿ. ನಮ್ಮ ನಾಯಿಗಳ ವಿಷಯದಲ್ಲಿ ಮಾತು ಬದಲಾಯಿಸೋದಿಲ್ಲ. ಆದರೆ ಹೊಸಬರು ಯಾವತ್ತಾದರೂ ನೀರಿಗೆ ಬಿಟ್ಟೇ ಬಿಡುತ್ತೇನೆ ಅಂದರೆ ಬೇಸಿಗೆಯಲ್ಲಿ, ಊರಿನವರು ಬಟ್ಟೆ ಒಗೆಯುವ ಕಡೆ, ಉದ್ದದ ಹಗ್ಗ ಕಟ್ಟಿ, ಮೊಣಕಾಲುದ್ದ ನೀರಿನವರೆಗೆ ಮಾತ್ರ. ಹಗ್ಗ ಕಾಲರ್‌ಗೆ ಅಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ.

ಕಬ್ಬಿನ ಗದ್ದೆ

ಬಟ್ಟೆ ಒಗೆಯುವ ಹೆಂಗಸರು ಮೊದಲು ನಿಮ್ಮನ್ನೇ ಒಗೆದು ಹಾಕುತ್ತಾರೆ. ಹೊಸಬರೇ, ಆ ಪ್ಲಾಸ್ಟಿಕ್ ತೊಟ್ಟಿಯನ್ನೇ ತನ್ನಿ.